ಕಿಟಕಿಯಲ್ಲಿ ಕಡಲು, ಸೈಕಲ್‌ಗೆ ತುಕ್ಕು

ಕಡಲತೀರದ ಮಹಾನಗರಕ್ಕೆ ಬಂದಾಗ ನಾವು ಮೊದಲ ಮನೆ ಒಪ್ಪಿಕೊಂಡಿದ್ದು ಒಂದು ಭಾನುವಾರ ಸಂಜೆ. ಐದೂವರೆ ಗಂಟೆ, ತಂಪು ಗಾಳಿ, ಬಾಲ್ಕನಿಯಲ್ಲಿ ನಿಂತರೆ ಎದುರಿಗೇ ಸಮುದ್ರ. ಕೆಳಗೆ ರಸ್ತೆ ಖಾಲಿ. ಆಫೀಸಿಗೆ ಇಪ್ಪತ್ತು ನಿಮಿಷ ಅಂತ ಫೋನಿನ ಮ್ಯಾಪ್ ಹೇಳಿತು. ಹೆಂಡತಿಯ ಮುಖ ನೋಡಿದೆ, ಅವಳೂ ನಗುತ್ತಿದ್ದಳು. ಬ್ರೋಕರ್‌ಗೆ ಅಲ್ಲೇ ಹೂಂ ಅಂದೆವು.

ವರ್ಷ ತುಂಬುವ ಮೊದಲೇ ಆ ಮನೆ ಬಿಟ್ಟೆವು.

ಮನೆಯಲ್ಲಿ ತಪ್ಪೇನೂ ಇರಲಿಲ್ಲ, ಒಳ್ಳೆಯ ಮನೆಯೇ. ನಾವು ಹೋಗಿ ನೋಡಿದ ಹೊತ್ತು ಮಾತ್ರ ಸುಳ್ಳು ಹೇಳಿತ್ತು. ಸೋಮವಾರ ಬೆಳಿಗ್ಗೆ ಆ ಇಪ್ಪತ್ತು ನಿಮಿಷ ಐವತ್ತೈದಾಯಿತು. ಅದನ್ನು ಹೇಗೋ ಸಹಿಸಬಹುದಿತ್ತು, ಯಾಕಂದರೆ ಆ ಕಷ್ಟ ನನ್ನೊಬ್ಬನದು. ಆದರೆ ಇಡೀ ದಿನ ಆ ಏರಿಯಾದಲ್ಲೇ ಇರಬೇಕಾದವರು ನನ್ನ ಅಮ್ಮ ಮತ್ತು ಎಂಟು ವರ್ಷದ ಮಗಳು. ಅವರಿಬ್ಬರ ದಿನ ಹೇಗಿರುತ್ತೆ ಅಂತ ನಾವು ಯೋಚಿಸಿಯೇ ಇರಲಿಲ್ಲ. ಮನೆಯ ಮುಂದಿನ ರಸ್ತೆ ದಾಟಲು ಅಮ್ಮನಿಗೆ ಯಾರಾದರೂ ಜೊತೆಗೆ ಬೇಕಿತ್ತು. ಒಂದು ದಿನ ಸಿಟ್ಟು ಬಂದು ಕೇಳಿಯೇಬಿಟ್ಟರು. "ನಾನೇನು ಪಾರ್ಸಲ್ಲೇನೋ, ಒಬ್ಬರು ಹಿಡ್ಕೊಂಡು ಹೋಗಿ ಇನ್ನೊಬ್ಬರ ಕೈಗೆ ಕೊಡೋಕೆ?"

ಮಗಳ ಸೈಕಲ್ಲಿನ ಕಥೆ ಬೇರೆ. ಹೊಸ ಸೈಕಲ್, ಬಾಲ್ಕನಿಯಲ್ಲಿ ನಿಲ್ಲಿಸಿದ್ದೆವು. ಓಡಿಸಲು ಜಾಗವಿಲ್ಲ, ಹಾಗಾಗಿ ಅದು ನಿಂತಲ್ಲೇ ಇತ್ತು. ಮೂರನೇ ತಿಂಗಳಿಗೆ ಪೆಡಲ್ ತಿರುಗಿಸಿದರೆ ಚೈನ್ ಕರಕರ ಅಂತು. ಕೈಗೆ ಕಿತ್ತಳೆ ಬಣ್ಣದ ಪುಡಿ ಅಂಟಿತು. ಕಿಟಕಿಯ ಕೀಲುಗಳೂ ಅಷ್ಟೇ. ಅಲೆ ಒಡೆಯುವಲ್ಲಿ ಹಾರುವ ಉಪ್ಪಿನ ಸಣ್ಣ ಹನಿಗಳನ್ನು ಗಾಳಿ ಹೊತ್ತು ತರುತ್ತೆ. ಮೊದಲ ಕೆಲವು ನೂರು ಮೀಟರಿನಲ್ಲಿ ಅದರ ಕಾಟ ಜಾಸ್ತಿ, ಒಳಗೆ ಹೋದಂತೆ ಬೇಗ ಕಡಿಮೆಯಾಗುತ್ತೆ. ಎರಡನೇ ಸಲ ಮನೆ ಹುಡುಕುವಾಗ ನಾನು ಮೊದಲು ನೋಡುತ್ತಿದ್ದದ್ದು ಗೋಡೆಯ ಬಣ್ಣವನ್ನಲ್ಲ, ಅಕ್ಕಪಕ್ಕದ ಮನೆಗಳ ಗ್ರಿಲ್ಲಿನ ಸ್ಕ್ರೂಗಳನ್ನು. ಸ್ಕ್ರೂ ತಲೆಯಿಂದ ಗೋಡೆಯ ಮೇಲೆ ಕಂದು ನೀರು ಇಳಿದ ಗೆರೆ ಕಂಡರೆ ಅಲ್ಲಿಯ ಗಾಳಿ ಏನು ಮಾಡುತ್ತೆ ಅಂತ ಗೊತ್ತಾಗಿಬಿಡುತ್ತೆ. ಸ್ಟೀಲ್ ಅಂದರೆ ತುಕ್ಕು ಹಿಡಿಯಲ್ಲ ಅನ್ನುವ ಮಾತೂ ಪೂರ್ತಿ ನಿಜವಲ್ಲ. ಮಾಮೂಲಿ 304 ದರ್ಜೆಯ ಸ್ಟೀಲಿನ ಮೇಲೂ ಕಡಲ ಪಕ್ಕ ಕಂದು ಚುಕ್ಕೆ ಏಳುತ್ತವೆ. ಮಾಲಿಬ್ಡಿನಮ್ ಅನ್ನುವ ಲೋಹ ಸೇರಿಸಿದ 316 ದರ್ಜೆಯದು ಅದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತೆ.

ಎರಡನೇ ಸಲ ನಾನು ಬುದ್ಧಿವಂತನಾಗಲು ಹೊರಟೆ. ಕಂಪ್ಯೂಟರಿನಲ್ಲಿ ದೊಡ್ಡ ಪಟ್ಟಿ ಮಾಡಿದೆ. ಒಂಬತ್ತು ಏರಿಯಾ, ಹದಿನಾಲ್ಕು ಅಂಶ, ಒಂದೊಂದಕ್ಕೂ ಅಂಕ. ಕೂಡಿಸಿದರೆ ಹೆಚ್ಚುಕಡಿಮೆ ಎಲ್ಲವಕ್ಕೂ ಒಂದೇ ಅಂಕ! ಹೆಂಡತಿ ಬಂದು ನೋಡಿದಳು. "ರೀ, ಇದರಲ್ಲಿ ಆಫೀಸು ಎಷ್ಟು ದೂರ ಅನ್ನೋದನ್ನೇ ಮೂರು ಕಡೆ ಬೇರೆ ಬೇರೆ ಹೆಸರಲ್ಲಿ ಬರೆದಿದ್ದೀರಲ್ಲ." ನೋಡಿದರೆ ನಿಜ. ಆಫೀಸಿನ ದೂರ, ಮುಖ್ಯ ರಸ್ತೆಯ ದೂರ, ರೈಲು ನಿಲ್ದಾಣದ ದೂರ. ಮೂರೂ ನನ್ನ ಅನುಕೂಲಕ್ಕೆ. ಆ ಪಟ್ಟಿ ಅಲ್ಲಿಗೆ ಮುಗಿಯಿತು.

ಅವಳೇ ಹೊಸ ನಿಯಮ ಹಾಕಿದಳು. ಏರಿಯಾದಲ್ಲಿ ಯಾರು ಜಾಸ್ತಿ ಹೊತ್ತು ಇರುತ್ತಾರೋ ಅವರ ಮಾತಿಗೆ ಜಾಸ್ತಿ ತೂಕ. ಆ ಲೆಕ್ಕದಲ್ಲಿ ಅಮ್ಮನಿಗೆ ಮೊದಲ ಸ್ಥಾನ, ಮಗಳಿಗೆ ಎರಡನೆಯದು, ಮನೆಯಿಂದ ಅರ್ಧ ವಾರ ಕೆಲಸ ಮಾಡುವ ಅವಳಿಗೆ ಮೂರನೆಯದು. ನಾನು ಕೊನೆ. ಕೊಲಂಬಿಯಾದ ಬೊಗೋಟ ನಗರದ ಉದ್ಯಾನಗಳನ್ನು ನೋಡಿಕೊಂಡಿದ್ದ ಗಿಲ್ ಪೆನ್ಯಲೋಸ ಅನ್ನುವವರು '8-80' ಅಂತ ಒಂದು ಅಳತೆ ಹೇಳುತ್ತಾರೆ. 8 ವರ್ಷದ ಮಗುವಿಗೂ 80 ವರ್ಷದವರಿಗೂ ಒಂದು ಊರು ಸರಿಹೊಂದಿದರೆ ಎಲ್ಲರಿಗೂ ಸರಿಹೊಂದುತ್ತೆ ಅನ್ನುವುದು ಅದರ ಸಾರ. ನಮ್ಮ ಮನೆಯಲ್ಲಿ ಎಂಟು ವರ್ಷದವಳು ಇದ್ದಳು, ಎಪ್ಪತ್ತೆರಡರ ಅಮ್ಮ ಇದ್ದರು. ಪರೀಕ್ಷೆಗೆ ಇನ್ಯಾರು ಬೇಕು?

ಹಾಗಾಗಿ ಮನೆ ನೋಡುವ ಮೊದಲು ಬೀದಿ ನೋಡಲು ಶುರು ಮಾಡಿದೆವು. ಇಷ್ಟವಾದ ಏರಿಯಾಕ್ಕೆ ಕೆಲಸದ ದಿನ ಹೋಗುವುದು, ಅಮ್ಮನನ್ನು ಮುಂದೆ ಬಿಟ್ಟು ನಾವು ಸುಮ್ನೆ ಹಿಂದೆ ನಡೆಯುವುದು. ಔಷಧಿ ಅಂಗಡಿಗೆ ಎಷ್ಟು ನಿಮಿಷ, ಎಲ್ಲಿ ಕೂರಲು ಜಾಗ ಇದೆ, ಎಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಬೇಕಾಗುತ್ತೆ. ಒಂದು ಏರಿಯಾದಲ್ಲಿ ಎಲ್ಲ ಚೆನ್ನಾಗಿತ್ತು, ಆದರೆ ಪಾರ್ಕಿಗೂ ಮನೆಗೂ ನಡುವೆ ಆರು ಲೇನಿನ ರಸ್ತೆ. ಮ್ಯಾಪಿನಲ್ಲಿ ಪಾರ್ಕ್ 200 ಮೀಟರ್. ಅಮ್ಮನ ಕಾಲಿಗೆ ಅದು ಬೇರೆ ಊರು.

ಮಗಳಿಗೆ ಬೇರೆ ಕೆಲಸ ಕೊಟ್ಟೆ. ನೋಟ್‌ಬುಕ್ ಹಿಡಿದು ಬೀದಿ ಬದಿ ಕೂತು, ಹದಿನೈದು ನಿಮಿಷದಲ್ಲಿ ಎಷ್ಟು ಗಾಡಿ ಹೋಗುತ್ತವೆ ಅಂತ ಗೀಟು ಹಾಕಬೇಕು. ನಾಲ್ಕು ಗೀಟು, ಐದನೆಯದು ಅಡ್ಡ. ಸಂಜೆ ಜನಜಂಗುಳಿಯ ಹೊತ್ತಿನ ಒಂದು ಗಂಟೆಯಲ್ಲಿ ಇಡೀ ದಿನದ ಸಂಚಾರದ ಸುಮಾರು ಹತ್ತನೇ ಒಂದು ಪಾಲು ಹೋಗುತ್ತೆ ಅಂತ ಒಂದು ಅಂದಾಜಿನ ಲೆಕ್ಕವಿದೆ. ಹದಿನೈದು ನಿಮಿಷದ್ದನ್ನು ನಾಲ್ಕರಿಂದ ಗುಣಿಸಿ, ಮತ್ತೆ ಹತ್ತರಿಂದ ಗುಣಿಸಿದರೆ ದಿನದ ಅಂದಾಜು ಸಿಗುತ್ತೆ. ನಮ್ಮ ಹಳೇ ಮನೆಯ ಮುಂದೆ 390 ಬಂತು, ಅಂದರೆ ದಿನಕ್ಕೆ ಹದಿನೈದು ಸಾವಿರಕ್ಕೂ ಜಾಸ್ತಿ. ಕೊನೆಗೆ ನಾವು ಆರಿಸಿದ ಬೀದಿಯಲ್ಲಿ 38. ಅವಳಿಗೆ ಅಲ್ಲಿ ಬೇಜಾರಾಗಿ ನೋಟ್‌ಬುಕ್ಕಿನ ತುಂಬ ಬೆಕ್ಕು ಬರೆದಿದ್ದಳು.

ಈ ಲೆಕ್ಕದ ಹುಚ್ಚು ನನಗೆ ಹಿಡಿಯಲು ಕಾರಣ ನಗರ ವಿನ್ಯಾಸ ತಜ್ಞ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾಡಿದ ಒಂದು ಅಧ್ಯಯನ. ಅದೂ ಕಡಲೂರೇ. ಒಂದೇ ತರಹದ ಮೂರು ಬೀದಿಗಳನ್ನು ಅವರು ನೋಡಿದರು. ದಿನಕ್ಕೆ ಸುಮಾರು 2,000 ಗಾಡಿ ಓಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ ಮೂವರು ಸ್ನೇಹಿತರು ಅದೇ ಬೀದಿಯಲ್ಲಿದ್ದರು. ಸುಮಾರು 16,000 ಗಾಡಿ ಓಡುವ ಬೀದಿಯಲ್ಲಿ ಒಬ್ಬರೂ ಪೂರ್ತಿ ಇರಲಿಲ್ಲ, 0.9. ಹಳೇ ಮನೆಯಲ್ಲಿ ಅಮ್ಮನಿಗೆ ಯಾಕೆ ಒಬ್ಬರೂ ಪರಿಚಯವಾಗಲಿಲ್ಲ ಅಂತ ನಾವು ಅವರ ಸ್ವಭಾವವನ್ನೇ ದೂರುತ್ತಿದ್ದೆವು. ಪಾಪ, ರಸ್ತೆಯ ತಪ್ಪು ಅವರ ತಲೆಗೆ ಕಟ್ಟಿದ್ದೆವು.

ಇನ್ನು ನೀರು. ಕಡಲೂರಿಗೆ ಹೊಸದಾಗಿ ಬರುವವರು ಎಡವುವುದು ಜಾಸ್ತಿ ಇಲ್ಲೇ ಅಂತ ನನಗನಿಸುತ್ತೆ. ನಾವೂ ಎಡವಿದ್ದೆವು. ಸಮುದ್ರ ನುಗ್ಗಿ ಬರುತ್ತಾ ಅಂತ ಹೆದರುತ್ತೇವೆ, ಮಳೆನೀರು ಹೊರಗೆ ಹೋಗುತ್ತಾ ಅಂತ ಕೇಳುವುದೇ ಇಲ್ಲ. ಚರಂಡಿಗಳ ಬಾಯಿ ಸಮುದ್ರಕ್ಕೆ ಇಲ್ಲವೇ ಅಳಿವೆಗೆ ತೆರೆದಿರುತ್ತೆ. ಉಬ್ಬರದ ಹೊತ್ತಿನಲ್ಲಿ ಕಡಲ ಮಟ್ಟ ಆ ಬಾಯಿಗಿಂತ ಮೇಲೇರಿದರೆ ನೀರು ಹೋಗಲು ದಾರಿಯಿಲ್ಲ. ಅದೇ ಹೊತ್ತಿಗೆ ಜೋರು ಮಳೆ ಬಂದರೆ ಬೀದಿಯೇ ಕೆರೆ. ಕಡಲಿನಿಂದ ಐದಾರು ಕಿಲೋಮೀಟರ್ ಒಳಗಿದ್ದರೂ ಅಷ್ಟೇ.

ಒಂದೇ ಊರಿನೊಳಗೆ ಏರಿಯಾದಿಂದ ಏರಿಯಾಕ್ಕೆ ಎಷ್ಟು ವ್ಯತ್ಯಾಸ ಇರಬಹುದು ಅನ್ನುವುದಕ್ಕೆ ಮುಂಬೈಯ 2005ರ ಜುಲೈ 26 ನೋಡಿ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಅದೇ ಊರಿನ ದಕ್ಷಿಣ ತುದಿಯ ಕೊಲಾಬಾದಲ್ಲಿ ಸುಮಾರು 74. ಉಬ್ಬರವೂ ಅವತ್ತು ಜೋರಿತ್ತು. ಹಾಗಾಗಿ 'ಈ ಊರಲ್ಲಿ ಮಳೆ ಹೇಗೆ' ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ. 'ಈ ಬೀದಿಯಲ್ಲಿ ಹೇಗೆ' ಅಂತಲೇ ಕೇಳಬೇಕು.

ಅದನ್ನು ಮ್ಯಾಪಿನಲ್ಲಿ ತಿಳಿಯಬಹುದು ಅಂದುಕೊಂಡಿದ್ದೆ. ಎತ್ತರ ತೋರಿಸುವ ನಕ್ಷೆಯಲ್ಲಿ ಒಂದು ಏರಿಯಾ ಏಳೆಂಟು ಮೀಟರ್ ಮೇಲಿತ್ತು, ಖುಷಿಯಾಯಿತು. ಆಮೇಲೆ ಓದಿದರೆ, ಇಂಥ ಎಷ್ಟೋ ನಕ್ಷೆಗಳ ಮೂಲ 2000ದ ಫೆಬ್ರವರಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆಯ ರೇಡಾರಿನಿಂದ ಅಳೆದ ಮಾಹಿತಿ. ರೇಡಾರಿಗೆ ಮರದ ತಲೆ, ಕಟ್ಟಡದ ಚಾವಣಿ ಕಾಣುತ್ತೆ, ನೆಲ ಅಷ್ಟು ಸರಿಯಾಗಿ ಕಾಣಲ್ಲ. ಕಟ್ಟಡ ಒತ್ತೊತ್ತಾಗಿರುವ ಕಡಲೂರಿನಲ್ಲಿ ಇದು ನೆಲವನ್ನು ಕೆಲವು ಮೀಟರ್ ಎತ್ತಿ ತೋರಿಸಬಹುದು. ನಮಗೆ ಬೇಕಾದದ್ದೋ ಅಂಗುಲದ ಲೆಕ್ಕ! ಹಳೇ ಉಪಗ್ರಹ ಚಿತ್ರಗಳು ಮಾತ್ರ ಉಪಯೋಗಕ್ಕೆ ಬಂದವು. ಗೂಗಲ್ ಅರ್ತ್‌ನಲ್ಲಿ 1984ರಿಂದ ಈಚೆಗೆ ವರ್ಷ ವರ್ಷ ಸರಿಸಿ ನೋಡಬಹುದು. ನಮಗೆ ಇಷ್ಟವಾಗಿದ್ದ ಒಂದು ಹೊಸ ಬಡಾವಣೆ ಇರುವ ಜಾಗದಲ್ಲಿ ಹಿಂದೆ ನೀರಿನ ಬಣ್ಣ. ಮಣ್ಣು ತುಂಬಿಸಿ ಕಟ್ಟಿದ್ದರು. ನೀರಿಗೆ ತನ್ನ ಹಳೇ ದಾರಿ ಮರೆಯಲ್ಲ, ಅಲ್ವಾ? ಅದನ್ನು ಬಿಟ್ಟೆವು.

ಮಿಕ್ಕಿದ್ದನ್ನು ಕಾಲ್ನಡಿಗೆಯಲ್ಲೇ ತಿಳಿದುಕೊಂಡೆವು. ಹುಣ್ಣಿಮೆ, ಅಮಾವಾಸ್ಯೆಯ ಹಿಂದುಮುಂದು ಉಬ್ಬರ ಎಲ್ಲಕ್ಕಿಂತ ಜೋರು. ಉಬ್ಬರದ ವೇಳಾಪಟ್ಟಿ ನೋಡಿಟ್ಟುಕೊಂಡು, ಅಂಥ ದಿನ ಮಳೆಯೂ ಹಿಡಿದಾಗ ಕೊಡೆ ತೆಗೆದುಕೊಂಡು ಹೊರಟೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತೆ, ಹಾಗಾಗಿ ನಿನ್ನೆಯ ಸಮಯಕ್ಕೇ ಹೋದರೆ ತಪ್ಪುತ್ತೆ. ಮೊದಲ ಸಲ ನಾನು ಹಾಗೆಯೇ ತಪ್ಪಿ, ಒಣ ಬೀದಿ ನೋಡಿ ವಾಪಸ್ ಬಂದೆ. ಎರಡನೇ ಸಲ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಯಸ್ಸಾದ ಸೆಕ್ಯೂರಿಟಿಯವರು ಸಿಕ್ಕರು. "ಇಲ್ಲಿ ನೀರು ನಿಲ್ಲುತ್ತಾ?" ಅಂತ ಕೇಳಿದೆ. "ಇಲ್ಲ ಸಾರ್, ಇಲ್ಲೆಲ್ಲಾ ಏನೂ ಇಲ್ಲ" ಅಂದರು. ಬಾಡಿಗೆಗೆ ಬರುವವನಿಗೆ ಇನ್ನೇನು ಹೇಳುತ್ತಾರೆ? ಸ್ವಲ್ಪ ಹೊತ್ತು ಬಿಟ್ಟು ಪ್ರಶ್ನೆ ಬದಲಿಸಿದೆ. "ಮಳೆಗಾಲದಲ್ಲಿ ನಿಮ್ಮ ಗಾಡಿ ಎಲ್ಲಿ ನಿಲ್ಲಿಸ್ತೀರಿ?" ತಕ್ಷಣ ಕೈ ತೋರಿಸಿದರು. "ಆ ಮೂಲೆ ಅಂಗಡಿ ಕಡೆ ನಿಲ್ಲಿಸಲ್ಲ ಸಾರ್. ಅಲ್ಲಿ ಎರಡನೇ ಮೆಟ್ಟಿಲಿನ ತನಕ ಬರುತ್ತೆ. ಈ ಬೀದಿಯ ಮೇಲ್ಗಡೆ ನಿಲ್ಲಿಸ್ತೀನಿ."

ಹೋಗಿ ನೋಡಿದೆ. ಅಂಗಡಿಯ ಮೂರು ಮೆಟ್ಟಿಲುಗಳಲ್ಲಿ ಕೆಳಗಿನ ಎರಡು ಕಪ್ಪಾಗಿದ್ದವು, ಮೇಲಿನದು ಬೂದು ಬಣ್ಣ. ಗೋಡೆಯ ಮೇಲೂ ಅದೇ ಎತ್ತರಕ್ಕೆ ಪಾಚಿಯ ಗೆರೆ. ಸೆಕ್ಯೂರಿಟಿಯವರು ಗಾಡಿ ನಿಲ್ಲಿಸುವ ಮೇಲ್ಗಡೆಯ ಬೀದಿಯಲ್ಲಿ ಎಲ್ಲ ಮನೆಗಳ ಹೊಸ್ತಿಲೂ ರಸ್ತೆಯ ಮಟ್ಟಕ್ಕೇ ಇದ್ದವು. ನೀರಿಗೆ ಹೆದರಿ ಯಾರೂ ಎತ್ತರಿಸಿಕೊಂಡಿರಲಿಲ್ಲ. ಕೊನೆಗೆ ಮನೆ ಸಿಕ್ಕಿದ್ದೂ ಆ ಬೀದಿಯಲ್ಲೇ.

ಬೋರ್‌ವೆಲ್ ನೀರಿದ್ದರೆ, ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಒಯ್ಯಿರಿ. ಕುಡಿಯಲು ಲೀಟರಿಗೆ 600 ಮಿಲಿಗ್ರಾಂ ಒಳಗಿದ್ದರೆ ರುಚಿ ಚೆನ್ನ, 1,000 ದಾಟಿದರೆ ಬಾಯಿಗೆ ಸೇರಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಕಡಲ ಪಕ್ಕದ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತೆ. ಲೆಕ್ಕದ ಪ್ರಕಾರ ಸಿಹಿನೀರಿನ ಮಟ್ಟ ಒಂದು ಮೀಟರ್ ಇಳಿದರೆ ಕೆಳಗಿನ ಉಪ್ಪುನೀರು ಸುಮಾರು 40 ಮೀಟರ್ ಮೇಲೇರುತ್ತೆ. ಅಕ್ಕಪಕ್ಕ ಹೊಸ ಕಟ್ಟಡಗಳು ಏಳುತ್ತಿದ್ದರೆ ಇವತ್ತಿನ ಸಿಹಿ ನಾಳೆಗೂ ಇರುತ್ತೆ ಅಂದುಕೊಳ್ಳಬೇಡಿ.

ಶಾಲೆಯ ವಿಷಯದಲ್ಲಿ ನಾವು ಜಾಸ್ತಿ ತಲೆಕೆಡಿಸಿಕೊಳ್ಳಲಿಲ್ಲ. ದೊಡ್ಡ ಹೆಸರಿನದು ಬೇಡ, ಮಗಳು ನಡೆದು ಹೋಗುವಷ್ಟು ದೂರದಲ್ಲಿರಲಿ ಅಂತ ಇಬ್ಬರೂ ಒಪ್ಪಿದೆವು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ನೋಡಿದೆ. ಅರ್ಧಕ್ಕರ್ಧ ಮಕ್ಕಳು ಗುಂಪು ಕಟ್ಟಿಕೊಂಡು ನಡೆದೇ ಹೋದರು. ನಮಗೆ ಅಷ್ಟು ಸಾಕಾಯಿತು.

ದಾರಿಗಳನ್ನು ಮಾತ್ರ ಎಣಿಸಿದೆ. ಕಡಲೂರಿಗೆ ಒಂದು ಕಡೆ ದಾರಿಯೇ ಇಲ್ಲ, ಅಲ್ಲಿ ನೀರು. ಉಳಿದ ಕಡೆ ಅಳಿವೆ, ಸೇತುವೆ, ರೈಲು ಹಳಿ. ನೋಡಿದ ಒಂದು ಸುಂದರ ಏರಿಯಾಕ್ಕೆ ಇದ್ದದ್ದು ಒಂದೇ ಸೇತುವೆ. ರಾತ್ರಿ ಅಮ್ಮನಿಗೆ ಎದೆನೋವು ಬಂತು, ಮಳೆ ಬರುತ್ತಿದೆ, ಸೇತುವೆಯ ಮೇಲೆ ಲಾರಿ ಕೆಟ್ಟು ನಿಂತಿದೆ ಅಂತ ಅಂದುಕೊಳ್ಳಿ. ಆಸ್ಪತ್ರೆಗೆ ಕನಿಷ್ಠ ಎರಡು ಬೇರೆ ಬೇರೆ ದಾರಿ ಇಲ್ಲದ ಕಡೆ ಬೇಡ ಅಂತ ಹೆಂಡತಿ ಖಡಾಖಂಡಿತವಾಗಿ ಹೇಳಿದಳು.

ಈಗ ಇರುವ ಏರಿಯಾ ಕಡಲಿನಿಂದ ಒಂಬತ್ತು ಕಿಲೋಮೀಟರ್ ಒಳಗೆ. ಬಾಲ್ಕನಿಯಿಂದ ಕಾಣುವುದು ಎದುರು ಮನೆಯ ನೀರಿನ ಟ್ಯಾಂಕ್. ನನ್ನ ಆಫೀಸಿನ ದಾರಿ ಒಂದು ಗಂಟೆ ಹತ್ತು ನಿಮಿಷ. ಇದು ನಿಜವಾಗಿಯೂ ಕಷ್ಟ, ಮುಚ್ಚಿಡಲ್ಲ. ವಾರದಲ್ಲಿ ಎರಡು ದಿನ ಮಗಳು ಮಲಗಿದ ಮೇಲೆ ಮನೆ ಸೇರುತ್ತೇನೆ. ಸೆಖೆಯೂ ಜಾಸ್ತಿ. ಬಿಸಿಲಿಗೆ ನೆಲ ಕಾದ ಮೇಲೆ ಹೊರಡುವ ಕಡಲ ಗಾಳಿ ತೀರ ದಾಟಿ ಒಳಗೆ ಬರಲು ಹೊತ್ತು ಹಿಡಿಯುತ್ತೆ. ಹಳೇ ಮನೆಯಲ್ಲಿ ಹನ್ನೊಂದಕ್ಕೇ ಪರದೆ ಹಾರುತ್ತಿತ್ತು, ಇಲ್ಲಿ ಮೂರು ಗಂಟೆಯ ತನಕ ಅಲುಗಾಡಲ್ಲ. "ನಿನ್ನ ಲೆಕ್ಕದಲ್ಲಿ ಗಾಳೀನ ಮರೆತುಬಿಟ್ಯಲ್ಲೋ" ಅಂತ ಅಮ್ಮ ದಿನಾ ಮಧ್ಯಾಹ್ನ ಹೇಳುತ್ತಾರೆ. ನಾಲ್ಕಕ್ಕೆ ಚಪ್ಪಲಿ ಹಾಕಿಕೊಂಡು ಒಬ್ಬರೇ ಪಾರ್ಕಿಗೆ ಹೊರಡುತ್ತಾರೆ. ಅಲ್ಲಿ ಒಂದು ಬೆಂಚು ಈಗ ಅವರ ಗುಂಪಿನದು. ಬೇರೆಯವರು ಕೂತರೆ ಇವರಿಗೆ ಕೋಪ.

ಕಳೆದ ಮಳೆಗಾಲದ ಒಂದು ಹುಣ್ಣಿಮೆಯಂದು ಜೋರು ಮಳೆ ಬಂತು. ಉಬ್ಬರದ ಹೊತ್ತು ನೋಡಿಕೊಂಡು ಮಗಳನ್ನು ಕರೆದುಕೊಂಡು ಮೂಲೆ ಅಂಗಡಿಯ ತನಕ ಹೋದೆ. ನೀರು ಎರಡನೇ ಮೆಟ್ಟಿಲಿನ ಅಂಚಿಗೆ ನಿಂತಿತ್ತು. ನಮ್ಮ ಬೀದಿ ಬರೀ ಒದ್ದೆ. ಸೈಕಲ್ ಚೈನಿಗೆ ಎಣ್ಣೆ ಹಾಕುವುದು ಮಾತ್ರ ಇಲ್ಲೂ ತಪ್ಪಿಲ್ಲ, ಎರಡು ತಿಂಗಳಿಗೊಮ್ಮೆ ಹಾಕಿದರೆ ಸಾಕು. ಈಗ ಅದು ದಿನಾ ಓಡುತ್ತೆ.