ಒಂದೇ ಲಾರಿಯ ಕೆಂಪು ಧೂಳು, ಕಪ್ಪು ಮಸಿ: ಬಳ್ಳಾರಿ ರಸ್ತೆಯಲ್ಲಿ ಗಾಳಿ ಅಳೆದ ನನ್ನ ಅನುಭವ

ಬಳ್ಳಾರಿಯಲ್ಲಿ ಗಾಳಿ ಬಗ್ಗೆ ಮಾತು ಬಂದರೆ ಎಲ್ಲರೂ ಕೆಂಪು ಧೂಳನ್ನೇ ತೋರಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ತೋರಣಗಲ್ಲು, ಸಂಡೂರು ಕಡೆ ಹೋದರೆ ರಸ್ತೆ ಬದಿಯ ಬೇವಿನ ಎಲೆ ಕೂಡ ಹಸಿರಾಗಿ ಕಾಣಲ್ಲ. ಆದರೆ ವಾತಾವರಣ ರಸಾಯನಶಾಸ್ತ್ರ ಓದಿದ ನನಗೆ ಕಾಡುತ್ತಿದ್ದ ಪ್ರಶ್ನೆ ಬೇರೆ. ಕಬ್ಬಿಣದ ಅದಿರು ಹೊತ್ತ ಒಂದೇ ಲಾರಿ ಚಕ್ರದ ಕೆಳಗಿಂದ ಧೂಳು ಎಬ್ಬಿಸುತ್ತದೆ, ಸೈಲೆನ್ಸರ್‌ನಿಂದ ಹೊಗೆಯನ್ನೂ ಬಿಡುತ್ತದೆ. ಎರಡೂ ಬೆರೆತು ನಮ್ಮ ಮೂಗಿಗೆ ಬರುತ್ತವೆ. ಅದರಲ್ಲಿ ಧೂಳೆಷ್ಟು, ಡೀಸೆಲ್ ಮಸಿ ಎಷ್ಟು? ಇದನ್ನು ಬಿಡಿಸದೆ ಪರಿಹಾರ ಹೇಳಿದರೆ ಸುಮ್ನೆ ಕತ್ತಲಲ್ಲಿ ಕಲ್ಲು ಎಸೆದ ಹಾಗೆ.

"ಆ್ಯಪ್‌ನಲ್ಲಿ ಗಾಳಿ ಚೆನ್ನಾಗಿದೆ ಅಂತ ಬರ್ತಿದೆಯಲ್ಲ ಸರ್" ಅಂತ ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. ಕಡಿಮೆ ಬೆಲೆಯ ಸೆನ್ಸರ್‌ಗಳು ಒಳಗೆ ಲೇಸರ್ ಬೆಳಕು ಬಿಟ್ಟು, ಕಣಕ್ಕೆ ಬಡಿದು ಚದುರಿದ ಬೆಳಕನ್ನು ಲೆಕ್ಕ ಹಾಕುತ್ತವೆ. ಹೊಗೆಯಂಥ ಸಣ್ಣ ಕಣಗಳಿಗೆ ಪರವಾಗಿಲ್ಲ. ಅದಿರು ಧೂಳಿನ ತೂಕ ಹೆಚ್ಚಾಗಿ ಇರೋದು 2.5 ಮೈಕ್ರಾನ್‌ಗಿಂತ ದೊಡ್ಡ ಕಣಗಳಲ್ಲಿ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಸೆನ್ಸರ್ ಒಳಗಿನ ಪುಟ್ಟ ಫ್ಯಾನಿಗೆ ಅಂಥ ಕಣವನ್ನು ಒಳಗೆ ಎಳೆಯೋ ಶಕ್ತಿ ಇರಲ್ಲ. ಪಿಎಂ 10 (10 ಮೈಕ್ರಾನ್‌ವರೆಗಿನ ಕಣಗಳ ತೂಕ) ಅಂತ ತೋರಿಸುವ ಸಂಖ್ಯೆ ಎಷ್ಟೋ ಸಲ ಸಣ್ಣ ಕಣಗಳನ್ನು ನೋಡಿ ಊಹಿಸಿದ್ದು. ಕಿಟಕಿ ಕಟ್ಟೆ ಕೆಂಪಾಗಿದ್ದರೂ ಪರದೆ ಮೇಲೆ ಹಸಿರು ಬಣ್ಣ ಬರೋದು ಹೀಗೆ. ಮಳೆಗಾಲದ ಬೆಳಿಗ್ಗೆ ಇದರ ಉಲ್ಟಾ ಆಗುತ್ತದೆ. ಕಣಗಳು ತೇವ ಕುಡಿದು ಊದಿಕೊಂಡಿರುತ್ತವೆ, ಸೆನ್ಸರ್ ಜಾಸ್ತಿ ತೋರಿಸುತ್ತದೆ.

ಹಾಗಾಗಿ ನಾವು ಫಿಲ್ಟರ್ ದಾರಿ ಹಿಡಿದೆವು: ಯಂತ್ರದಿಂದ ಗಾಳಿ ಎಳೆದು ಫಿಲ್ಟರ್ ಮೂಲಕ ಹಾಯಿಸಿ, ಅದರ ಮೇಲೆ ಕೂತ ಕಣಗಳನ್ನು ತೂಗೋದು. ಕುಡತಿನಿ ದಾಟಿದ ಮೇಲೆ ರಸ್ತೆ ಬದಿಯ ಒಂದು ಒಗ್ಗಾಣಿ ಮಿರ್ಚಿ ಅಂಗಡಿಯ ಛಾವಣಿ ಸಿಕ್ಕಿತು. ನಡೆಸುವ ಅಕ್ಕ ಕರೆಂಟ್ ಕೊಟ್ಟರು. ಕರೆಂಟ್ ಹೋದರೆ ಅಂತ ನಾವು ಇನ್ವರ್ಟರ್ ಇಟ್ಟೆವು. ಗಾಳಿ ಎಳೆಯುವ ಬಾಯಿ ನೆಲದಿಂದ 3 ಮೀಟರ್‌ಗಿಂತ ಮೇಲಿರಬೇಕು, ಅಡುಗೆ ಒಲೆಯ ಹೊಗೆ ನೇರ ಬರಬಾರದು. ಅದಕ್ಕೇ ಎಣ್ಣೆ ಬಾಣಲೆ ಇರೋ ಕಡೆ ಬಿಟ್ಟು ಛಾವಣಿಯ ಇನ್ನೊಂದು ಮೂಲೆಗೆ ಹಾಕಿದೆವು.

ಈ ಯಂತ್ರ ಗಂಟೆಗೆ 1 ಘನ ಮೀಟರ್ ಗಾಳಿ ಎಳೆಯುತ್ತದೆ, ದಿನಕ್ಕೆ 24. ನಮ್ಮ ದೇಶದ ಮಾನದಂಡದಲ್ಲಿ ಪಿಎಂ 2.5 ಒಂದು ದಿನದ ಸರಾಸರಿಗೆ ಘನ ಮೀಟರಿಗೆ 60 ಮೈಕ್ರೋಗ್ರಾಂ ಮಿತಿ. ಅಂದರೆ ಗಾಳಿ ಸರಿಯಾಗಿ ಆ ಮಿತಿಯಲ್ಲೇ ಇದ್ದರೆ ಇಡೀ ದಿನದಲ್ಲಿ ಫಿಲ್ಟರ್ ಮೇಲೆ ಕೂರೋದು 1.44 ಮಿಲಿಗ್ರಾಂ, ಒಂದು ಸಾಸಿವೆ ಕಾಳಿನಷ್ಟೂ ತೂಗಲ್ಲ. ಇಷ್ಟನ್ನು ತೂಗಲು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ ಓದುವ ತಕ್ಕಡಿ ಬೇಕು. ಫಿಲ್ಟರನ್ನು ಬೆರಳಲ್ಲಿ ಮುಟ್ಟುವ ಹಾಗಿಲ್ಲ, ಚಿಮಟದಲ್ಲೇ ಹಿಡಿಯಬೇಕು. ಗಾಳಿ ಎಳೆಯುವ ಮೊದಲೂ ಆಮೇಲೂ ಒಂದು ದಿನ ಒಂದೇ ಉಷ್ಣತೆ, ಒಂದೇ ತೇವಾಂಶದ ಕೋಣೆಯಲ್ಲಿಟ್ಟು ತೂಗಬೇಕು, ಇಲ್ಲಾಂದ್ರೆ ಧೂಳಿನ ಬದಲು ನೀರನ್ನು ತೂಗುತ್ತೀವಿ. ಜೊತೆಗೆ ಒಂದು ಖಾಲಿ ಫಿಲ್ಟರನ್ನೂ ಬಳ್ಳಾರಿಯಿಂದ ಕುಡತಿನಿಗೆ ಒಯ್ದು, ಯಂತ್ರದೊಳಗೆ ಹಾಕಿ ತೆಗೆದು, ಗಾಳಿ ಎಳೆಯದೆ ವಾಪಸ್ ತರುತ್ತೇವೆ. ಅದರ ತೂಕ ಹೆಚ್ಚಿದ್ದರೆ ದಾರಿಯಲ್ಲೇ ಧೂಳು ಹತ್ತಿದೆ ಅಂತ ಗೊತ್ತಾಗುತ್ತದೆ. ಬಳ್ಳಾರಿಯಂಥ ಊರಲ್ಲಿ ಈ ಖಾಲಿ ಫಿಲ್ಟರ್ ಇಲ್ಲದ ಲೆಕ್ಕವನ್ನು ನಾನು ನಂಬಲ್ಲ.

ತೂಕ ಒಂದೇ ಸಾಲದು. ಟೆಫ್ಲಾನ್ ಫಿಲ್ಟರನ್ನು ಎಕ್ಸ್-ರೇ ಯಂತ್ರಕ್ಕೆ ಕೊಟ್ಟರೆ ಕಬ್ಬಿಣ, ಸಿಲಿಕಾನ್, ಸತು, ಪೊಟ್ಯಾಸಿಯಂ ಎಷ್ಟೆಷ್ಟು ಅಂತ ತಿಳಿಯುತ್ತದೆ. ಇಂಗಾಲ ಅಳೆಯೋಕೆ ಕ್ವಾರ್ಟ್ಜ್ ಫಿಲ್ಟರ್. ಅದನ್ನು ಮೊದಲೇ 550 ಡಿಗ್ರಿಯಲ್ಲಿ ಕಾಯಿಸಿ, ಅದರೊಳಗಿದ್ದ ಇಂಗಾಲವನ್ನೆಲ್ಲ ಸುಟ್ಟು ತೆಗೆದಿರುತ್ತೇವೆ.

ನನಗೆ ತುಂಬಾ ಇಷ್ಟವಾದ ಭಾಗ ಏಥಲೋಮೀಟರ್. ಫಿಲ್ಟರ್ ಪಟ್ಟಿ ಮೇಲೆ ಕಣ ಕೂರುತ್ತಿದ್ದ ಹಾಗೆ ಅದರ ಮೂಲಕ ಏಳು ಬಣ್ಣದ ಬೆಳಕು ಹಾಯಿಸಿ, ಕಣಗಳು ಯಾವ ಬಣ್ಣವನ್ನು ಎಷ್ಟು ತಡೆದವು ಅಂತ ನೋಡುವ ಯಂತ್ರ ಇದು. ಮಸಿ ಕಪ್ಪು, ಎಲ್ಲಾ ಬಣ್ಣವನ್ನೂ ನುಂಗುತ್ತದೆ. ನಮ್ಮ ಅದಿರು ಧೂಳು ಹೆಮಟೈಟ್ ಅನ್ನೋ ಕಬ್ಬಿಣದ ಖನಿಜ. ಅದು ಕೆಂಪಾಗಿ ಕಾಣೋದೇ ನೀಲಿ ಬೆಳಕನ್ನು ನುಂಗಿ ಕೆಂಪನ್ನು ಬಿಟ್ಟುಕೊಡುವುದರಿಂದ. ಹಾಗಾಗಿ ಬೆಳಕಿನ ಅಲೆಯ ಉದ್ದ ಲೆಕ್ಕದಲ್ಲಿ 880 ನ್ಯಾನೋಮೀಟರ್‌ನಲ್ಲಿ, ಅಂದರೆ ಕೆಂಪಿಗೂ ಆಚೆ, ನುಂಗಿದ್ದು ಬಹುತೇಕ ಮಸಿ. 370ರಲ್ಲಿ, ನೀಲಿಗೂ ಈಚೆ, ಮಸಿಯ ಲೆಕ್ಕ ಮೀರಿ ಜಾಸ್ತಿ ನುಂಗಿದ್ದರೆ ಬೇರೇನೋ ಇದೆ. ಆ ಬೇರೇನೋ ಕೆಂಪು ಧೂಳೇ ಅಂತ ತಕ್ಷಣ ಹೇಳೋ ಹಾಗಿಲ್ಲ, ಯಾಕಂದ್ರೆ ಕಟ್ಟಿಗೆ ಹೊಗೆಯೂ ಹಾಗೇ ಮಾಡುತ್ತದೆ. ನಮ್ಮಲ್ಲಿ ಜಾಲಿಗೇನು ಬರ, ಹೆಸರೇ ಬಳ್ಳಾರಿ ಜಾಲಿ. ಚಳಿಗಾಲದ ಸಂಜೆ ಹಳ್ಳಿ ಕಡೆಯಿಂದ ಅದೇ ಹೊಗೆ ಬರುತ್ತದೆ. ಆಗ ಫಿಲ್ಟರ್ ಕೈ ಹಿಡಿಯುತ್ತದೆ. ಪೊಟ್ಯಾಸಿಯಂ ಜಾಸ್ತಿ ಇದ್ದರೆ ಕಟ್ಟಿಗೆ, ಕಬ್ಬಿಣ ಜಾಸ್ತಿ ಇದ್ದರೆ ಅದಿರು. ಎರಡು ಯಂತ್ರ ಒಂದೇ ಮಾತು ಹೇಳಿದಾಗ ಆಗುವ ಖುಷಿಯೇ ಬೇರೆ.

ಇನ್ನು ಒಂದೊಂದು ಲಾರಿಯ ಲೆಕ್ಕ. ಅದಕ್ಕೆ ಲಾರಿ ನಿಲ್ಲಿಸೋದೂ ಬೇಡ, ಸೈಲೆನ್ಸರ್‌ಗೆ ಪೈಪ್ ಹಾಕೋದೂ ಬೇಡ. ರಸ್ತೆ ಉಬ್ಬಿನ ಮುಂದೆ, ಡ್ರೈವರ್ ಗೇರ್ ಇಳಿಸಿ ಆಕ್ಸಿಲರೇಟರ್ ಒತ್ತುವ ಜಾಗದಲ್ಲಿ ಮಸಿ ಮತ್ತು ಇಂಗಾಲದ ಡೈಆಕ್ಸೈಡ್ ಎರಡನ್ನೂ ಸೆಕೆಂಡಿಗೊಮ್ಮೆ ಅಳೆಯಬೇಕು. ಲಾರಿ ಹೋದ ಕೂಡಲೇ ಗ್ರಾಫಿನಲ್ಲಿ ಎರಡೂ ಗೆರೆ ಒಟ್ಟಿಗೆ ಏರಿ ಇಳಿಯುತ್ತವೆ. 1 ಕೆಜಿ ಡೀಸೆಲ್ ಉರಿದರೆ 3.1ರಿಂದ 3.2 ಕೆಜಿ ಡೈಆಕ್ಸೈಡ್ ಬರುತ್ತದೆ, ಅದು ಎಂಜಿನ್ ಹಳೆಯದಾದರೂ ಹೊಸದಾದರೂ ಹೆಚ್ಚುಕಮ್ಮಿ ಅಷ್ಟೇ. ಆದ್ದರಿಂದ ಏರಿದ ಮಸಿಯನ್ನು ಏರಿದ ಡೈಆಕ್ಸೈಡ್‌ನಿಂದ ಭಾಗಿಸಿ, ಆ 3.1-3.2ರಿಂದ ಗುಣಿಸಿದರೆ ಒಂದು ಕೆಜಿ ಡೀಸೆಲ್‌ಗೆ ಆ ಲಾರಿ ಎಷ್ಟು ಗ್ರಾಂ ಮಸಿ ಕಾರಿತು ಅಂತ ಸಿಗುತ್ತದೆ. ಗಾಳಿ ಹೊಗೆಯನ್ನು ಎಷ್ಟೇ ಚದುರಿಸಲಿ, ಎರಡನ್ನೂ ಸಮನಾಗಿ ಚದುರಿಸುತ್ತದೆ, ಭಾಗಾಕಾರ ಬದಲಾಗಲ್ಲ. ಒಂದೇ ಎಚ್ಚರ ಅಂದ್ರೆ, ಎರಡು ಯಂತ್ರಗಳ ಪೈಪಿನ ಉದ್ದ ಬೇರೆ ಇದ್ದರೆ ಗೆರೆಗಳು ಒಂದೆರಡು ಸೆಕೆಂಡ್ ಹಿಂದೆ ಮುಂದೆ ಆಗುತ್ತವೆ. ಅದನ್ನು ಜೋಡಿಸಿ, ತುದಿಯ ಎತ್ತರ ಬಿಟ್ಟು ಗೆರೆಯ ಕೆಳಗಿನ ಇಡೀ ವಿಸ್ತೀರ್ಣ ತೆಗೆದುಕೊಳ್ಳಬೇಕು.

ನಮಗೆ ಕಂಡದ್ದು ಬೇರೆ ಕಡೆ ಇಂಥ ಕೆಲಸ ಮಾಡಿದವರು ಕಂಡದ್ದೇ. ಎಲ್ಲಾ ಲಾರಿಗಳೂ ಸಮನಾಗಿ ಹೊಗೆ ಬಿಡಲ್ಲ. ಕೆಲವೇ ಲಾರಿಗಳು ಹೆಚ್ಚಿನ ಮಸಿಗೆ ಕಾರಣ. ಮಿರ್ಚಿ ತಿನ್ನಲು ನಿಂತ ಒಬ್ಬ ಡ್ರೈವರಣ್ಣನನ್ನು ಕೇಳಿದರೆ, "ನಾಜಲ್ ಹೋಗೇತ್ರಿ ಸರ್, ಓನರ್ ಮುಂದಿನ ತಿಂಗಳು ಮಾಡಸೂಣು ಅಂತಾರ" ಅಂದ. ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ಆ ನಾಜಲ್ ಒಂದರ ರಿಪೇರಿಯಿಂದ ಆಗೋ ಲಾಭ ಇಡೀ ರಸ್ತೆಗೆ.

2020ರ ಏಪ್ರಿಲ್ 1ರಿಂದ ಬಿಎಸ್ 6, ಅಂದರೆ ವಾಹನಗಳ ಹೊಗೆಗೆ ನಮ್ಮ ದೇಶದ ಹೊಸ ಮಾನದಂಡ, ಬಂತು. ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 50 ಇದ್ದದ್ದು 10ಕ್ಕೆ ಇಳಿಯಿತು, ಹೊಸ ಲಾರಿಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು, ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡಲು ಯೂರಿಯಾ ದ್ರಾವಣ ಬಂತು. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಯೂರಿಯಾ ಕೆಲಸ ಮಾಡಲು ಹೊಗೆ ಕೊಳವೆ ಸುಮಾರು 200 ಡಿಗ್ರಿ ಬಿಸಿ ಇರಬೇಕು. ಲಾರಿ ತೂಗುವ ಕಾಟಾ ಮುಂದೆ ಸಾಲಿನಲ್ಲಿ ಎಂಜಿನ್ ಆನ್ ಇಟ್ಟು ನಿಂತ ಲಾರಿಯ ಕೊಳವೆ ತಣ್ಣಗಾಗಿಬಿಡುತ್ತದೆ. ಆಗ ಹೊಸ ಲಾರಿಯೂ ನೈಟ್ರೋಜನ್ ಆಕ್ಸೈಡ್ ಬಿಡುತ್ತದೆ. ಸಾಲಿನಲ್ಲಿ ಎಂಜಿನ್ ಆಫ್ ಮಾಡಿಸಿದರೆ ಡೀಸೆಲ್ಲೂ ಉಳಿಯುತ್ತದೆ ಅಲ್ವಾ?

ಈ ಆಕ್ಸೈಡ್‌ಗಳ ಕಥೆ ರಸ್ತೆಯಲ್ಲೇ ಮುಗಿಯಲ್ಲ. ನಮ್ಮ ಬಿಸಿಲಿಗೆ ಅವು ಬೇರೆ ಆವಿಗಳ ಜೊತೆ ಸೇರಿ ಓಝೋನ್ ಮಾಡುತ್ತವೆ. ತಮಾಷೆ ಅನಿಸಬಹುದು, ಲಾರಿ ಪಕ್ಕದಲ್ಲಿ ಓಝೋನ್ ಕಡಿಮೆಯೇ ಇರುತ್ತದೆ, ಹೊಸ ಹೊಗೆ ಅದನ್ನು ತಿಂದುಹಾಕುತ್ತದೆ. ಜಾಸ್ತಿ ಆಗೋದು ಗಾಳಿ ಬೀಸಿದ ಕಡೆ, ದೂರದ ಹೊಲಗಳ ಮೇಲೆ. ಓಝೋನ್ ಬೆಳೆಗೂ ಕೆಟ್ಟದ್ದು.

ಕೆಂಪು ಧೂಳಿಗೆ ಮಾತ್ರ ಬಿಎಸ್ 6 ಏನೂ ಮಾಡಲ್ಲ. ನಾಳೆ ಎಲೆಕ್ಟ್ರಿಕ್ ಲಾರಿ ಬಂದರೂ ಚಕ್ರ ತಿರುಗಲೇಬೇಕು. ಆ ಧೂಳು ಎಷ್ಟು ಏಳುತ್ತದೆ ಅನ್ನೋದು ರಸ್ತೆ ಮೇಲೆ ಬಿದ್ದ ನುಣ್ಣನೆ ಮಣ್ಣು, ಲಾರಿಯ ಭಾರ, ವೇಗ ಇವುಗಳ ಮೇಲೆ ನಿಂತಿದೆ. ನೀರು ಹೊಡೆಯೋದು ಒಳ್ಳೆಯದೇ, ಆದರೆ ಏಪ್ರಿಲ್ ಬಿಸಿಲಿಗೆ ಬೇಗ ಒಣಗಿ ಅದೇ ಮಣ್ಣು ಮತ್ತೆ ಏಳುತ್ತದೆ. ಮಣ್ಣನ್ನು ಎಳೆದು ತೆಗೆಯುವ ಯಂತ್ರ ಬೇಕು, ಗಣಿ ಬಾಗಿಲಲ್ಲೇ ಚಕ್ರ ತೊಳೆಯಬೇಕು, ತಾಡಪತ್ರಿ ಬಿಗಿಯಾಗಿ ಕಟ್ಟಬೇಕು, ಆದಷ್ಟು ಅದಿರು ಕನ್ವೇಯರ್‌ನಲ್ಲೋ ರೈಲಿನಲ್ಲೋ ಹೋಗಬೇಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಸಾಲು ಕರಗಿತ್ತು. ಆಗ ಇದೇ ಯಂತ್ರಗಳು ಇದೇ ಛಾವಣಿ ಮೇಲೆ ಇದ್ದಿದ್ದರೆ ಎಂಥ ಉತ್ತರ ಸಿಗುತ್ತಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಹವಾಮಾನದ ಲೆಕ್ಕದಲ್ಲೂ ಈ ಎರಡನ್ನು ಬೇರೆ ಇಡಬೇಕು. ಮಸಿ ಬಿಸಿಲು ಹೀರಿ ಗಾಳಿಯನ್ನು ಕಾಯಿಸುತ್ತದೆ, ಆದರೆ ಹೆಚ್ಚುಕಮ್ಮಿ ಒಂದು ವಾರದಲ್ಲಿ ಮಳೆಗೋ ನೆಲಕ್ಕೋ ಹೋಗಿಬಿಡುತ್ತದೆ. ಅದೇ ಡೀಸೆಲ್‌ನಿಂದ ಬಂದ ಡೈಆಕ್ಸೈಡ್‌ನ ಒಂದು ಪಾಲು ನೂರಾರು ವರ್ಷ ಮೇಲೇ ಇರುತ್ತದೆ. ಮಸಿ ನಿಲ್ಲಿಸಿದರೆ ಅಂಗಡಿ ಅಕ್ಕನ ಮಗುವಿಗೆ ಈ ವರ್ಷವೇ ಲಾಭ. ಹಾಗಂತ ಡೈಆಕ್ಸೈಡ್ ಕೆಲಸವನ್ನು ಮುಂದೂಡುವ ಹಾಗಿಲ್ಲ.

ಆ ಅಕ್ಕ ಒಂದು ದಿನ ಕೇಳಿದರು, "ಅಣ್ಣಾ, ನಮ್ ಮನಿ ಒಳಗ ಗಾಳಿ ಹೆಂಗೈತಿ, ಅದನ್ನೂ ನೋಡಿ ಹೇಳ್ರಿ." ಅವರ ಮನೆ ಅಂಗಡಿ ಹಿಂದೆಯೇ. ಚಳಿಗಾಲದ ಮುಂಜಾನೆ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇರದೆ ಹೊಗೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಲೇರಿದ ಮೇಲೆ ಬಿಡುತ್ತದೆ. ಬೆಳಿಗ್ಗೆ ಒಂಬತ್ತರವರೆಗೆ ರಸ್ತೆ ಕಡೆ ಕಿಟಕಿ ಮುಚ್ಚಿ, ಹೊಲದ ಕಡೆಯದು ತೆಗೆಯಿರಿ, ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತ ಹೇಳಿದ್ದೇನೆ. ಬರುವ ಡಿಸೆಂಬರ್‌ನಲ್ಲಿ ಒಂದು ಯಂತ್ರ ಛಾವಣಿ ಮೇಲೆ, ಇನ್ನೊಂದು ಅವರ ಮಲಗೋ ಕೋಣೆಯಲ್ಲಿ ಇಡುತ್ತೇವೆ.