ಅಂಟು ಹಚ್ಚುವ ಮುಂಚೆ: ಮನೆಯಲ್ಲೇ ಮಾಡಿದ ಆರ್‌ಸಿ ವಿಮಾನ ಹಾರಿಸಿದ್ದು, ರಿಪೇರಿ ಮಾಡಿದ್ದು

ಚಿತ್ರದುರ್ಗದ ಕಡೆ ಗಾಳಿಗೇನೂ ಬರ ಇಲ್ಲ. ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳನ್ನು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಇಲ್ಲಿ ಆರ್‌ಸಿ, ಅಂದರೆ ರಿಮೋಟ್ ವಿಮಾನ ಹಾರಿಸುವವರು ಮೊದಲು ಗಾಳಿಯ ಲೆಕ್ಕ ಹಾಕಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು, ಹೊಸ ವಿಮಾನಕ್ಕೆ ಅದು ಬೇಡವೇ ಬೇಡ. ನಾನು ಕಾಯುವುದು ರಾಗಿ ಕೊಯ್ಲು ಮುಗಿದ ಮೇಲಿನ ದಿನಗಳಿಗೆ. ಆಗ ಗಾಳಿ ಮೂಡಣದಿಂದ, ಮೆತ್ತಗೆ. ವಿಮಾನವನ್ನು ಯಾವಾಗಲೂ ಗಾಳಿಗೆ ಎದುರಾಗಿ ಬಿಡಬೇಕು, ಅಲ್ವಾ? ಬೆಳಿಗ್ಗೆ ಮೂಡಣಕ್ಕೆ ಬಿಟ್ಟರೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೇ ಚಳಿಗಾಲದಲ್ಲಿ ನನ್ನ ಹಾರಾಟ ಸಂಜೆ ಹೊತ್ತು. ಸೂರ್ಯ ಬೆನ್ನಿಗೆ, ಗಾಳಿ ಮುಖಕ್ಕೆ.

ವಿಮಾನದ ವಿಷಯಕ್ಕೆ ಬರುತ್ತೇನೆ. ಒಡಲಿನ ಮೇಲ್ಗಡೆ ರೆಕ್ಕೆ ಇರುವ ಟ್ರೈನರ್ ಮಾದರಿ, ಅಂದರೆ ಹಾರಿಸಲು ಕಲಿಯುವವರಿಗಾಗಿ ಇರುವುದು. ರೆಕ್ಕೆಯ ಉದ್ದ 120 ಸೆಂ.ಮೀ., ಅಗಲ 20 ಸೆಂ.ಮೀ. ರೆಕ್ಕೆ ಮತ್ತು ಬಾಲ ಸ್ಟೇಷನರಿ ಅಂಗಡಿಯಲ್ಲಿ ಸಿಗುವ 5 ಮಿ.ಮೀ. ಫೋಮ್ ಬೋರ್ಡಿನದು. ಒಡಲು ಜಾಹೀರಾತು ಬೋರ್ಡಿಗೆ ಬಳಸುವ ಪ್ಲಾಸ್ಟಿಕ್ ಶೀಟಿನದು, ಅದೇ ಒಳಗೆ ಸಾಲು ಸಾಲು ತೂತು ಇರುತ್ತದಲ್ಲ, ಅದು. ರೆಕ್ಕೆಯೊಳಗೆ ಬೆನ್ನೆಲುಬಾಗಿ 6 ಮಿ.ಮೀ. ಚದರದ ಮರದ ಪಟ್ಟಿ. 2212 ಅಳತೆಯ 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಬ್ರಶ್‌ಲೆಸ್ ಮೋಟಾರ್, 30 ಆಂಪಿಯರ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್), 10 ಇಂಚಿನ ಪ್ರೊಪೆಲ್ಲರ್, 3 ಸೆಲ್ಲಿನ 2200 ಎಂಎಎಚ್ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ನಾಲ್ಕು 9 ಗ್ರಾಂ ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್). ಎಲ್ಲ ಸೇರಿ 800 ಗ್ರಾಂ ಆಸುಪಾಸು.

ಅಂಟಿನ ಬಗ್ಗೆ ಒಂದು ಮಾತು. ಫೋಮ್‌ಗೆ ಫೆವಿಕ್ವಿಕ್ ಹಾಕಬೇಡಿ. ಮೇಲಿನ ಕಾಗದ ಹಾಗೇ ಇರುತ್ತದೆ, ಒಳಗಿನ ಫೋಮ್ ಕರಗಿ ಪೊಳ್ಳಾಗುತ್ತದೆ. ನಾನು ಬಳಸುವುದು ಹಾಟ್ ಗ್ಲೂ. ಬಲ ಬೀಳುವ ಕಡೆ ಮಾತ್ರ ಅರಲ್ಡೈಟ್, ಅದೇ ಎರಡು ಟ್ಯೂಬ್ ಬೆರೆಸಿ ಹಚ್ಚುವ ಅಂಟು.

ಹಾರಿಸುವ ಹಿಂದಿನ ರಾತ್ರಿ ಪ್ರೊಪೆಲ್ಲರ್ ಬಿಚ್ಚಿಟ್ಟು ಎಲ್ಲವನ್ನೂ ಮೇಜಿನ ಮೇಲೆ ನೋಡುತ್ತೇನೆ. ವಿಮಾನದ ಹಿಂದೆ ನಿಂತು ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಬಲಗಡೆ ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ) ಮೇಲೆ ಏಳಬೇಕು. ಕಡ್ಡಿಯನ್ನು ನನ್ನ ಕಡೆ ಎಳೆದರೆ ಎಲಿವೇಟರ್ (ಬಾಲದಲ್ಲಿ ಅಡ್ಡವಾಗಿ ಆಡುವ ಪಟ್ಟಿ) ಮೇಲೆ ಏಳಬೇಕು. ರಿಮೋಟ್ ಆಫ್ ಮಾಡಿದ ಕೂಡಲೇ ಮೋಟಾರ್ ನಿಲ್ಲಬೇಕು. ಇದು ಆಗದಿದ್ದರೆ ವಿಮಾನ ಮನೆಯಿಂದ ಹೊರಗೆ ಹೋಗುವ ಹಾಗಿಲ್ಲ. ಆಮೇಲೆ ಸಿ.ಜಿ., ಅಂದರೆ ವಿಮಾನದ ತೂಕ ಸಮತೋಲವಾಗುವ ಜಾಗ. ರೆಕ್ಕೆಯ ಮುಂದಿನ ಅಂಚಿನಿಂದ 5 ಸೆಂ.ಮೀ. ಹಿಂದೆ ಎರಡೂ ಕಡೆ ಪೆನ್ನಿನಲ್ಲಿ ಗುರುತು ಮಾಡಿ, ಅಲ್ಲಿ ಬೆರಳಿಟ್ಟು ಎತ್ತುತ್ತೇನೆ. ವಿಮಾನ ಮಟ್ಟವಾಗಿ ಅಥವಾ ಮೂತಿ ಒಂಚೂರು ಕೆಳಗಾಗಿ ನಿಲ್ಲಬೇಕು. ಬಾಲ ಕೆಳಗಾದರೆ ಬ್ಯಾಟರಿಯನ್ನು ಮುಂದೆ ಸರಿಸಬೇಕು. ಮೊದಲ ಹಾರಾಟದಲ್ಲಿ ಮೂತಿ ಭಾರ ಇದ್ದರೆ ವಿಮಾನ ಸ್ವಲ್ಪ ಜಡ, ಅಷ್ಟೇ. ಬಾಲ ಭಾರ ಇದ್ದರೆ ಕೈಗೇ ಸಿಗುವುದಿಲ್ಲ.

ಜಾಗ ಆರಿಸುವಾಗ ಡಿಜಿಟಲ್ ಸ್ಕೈ (ಡ್ರೋನ್‌ಗಳಿಗಾಗಿ ಇರುವ ಸರ್ಕಾರಿ ಜಾಲತಾಣ) ನಕ್ಷೆಯಲ್ಲಿ ಹೊಲ ಹಸಿರು ವಲಯದಲ್ಲಿದೆಯಾ, ಅಂದರೆ ಮೊದಲೇ ಅನುಮತಿ ಕೇಳದೆ ಹಾರಿಸಬಹುದಾದ ಜಾಗವಾ ಅಂತ ನೋಡಿಕೊಳ್ಳುತ್ತೇನೆ. 2021ರ ಡ್ರೋನ್ ನಿಯಮಗಳಲ್ಲಿ ಹಸಿರು ವಲಯದ ಮಿತಿ 400 ಅಡಿ. ನಮಗೆ ಅಷ್ಟು ಎತ್ತರ ಬೇಕಾಗುವುದೂ ಇಲ್ಲ. ಎರಡು ತೆಂಗಿನ ಮರದಷ್ಟು ಸಾಕು.

ವಿಮಾನ ಎಸೆಯುವುದು ನನ್ನ ಅಕ್ಕನ ಮಗ. ರೆಕ್ಕೆ ಮಟ್ಟವಾಗಿ, ಮೂತಿ ನೇರವಾಗಿ, ಈಟಿ ಎಸೆದ ಹಾಗೆ ಎಸೆಯಬೇಕು. ಮೇಲಕ್ಕೆ ಎಸೆಯುವ ಆಸೆಯನ್ನು ತಡೆದುಕೊಳ್ಳಬೇಕು. ಮೋಟಾರ್ ಪೂರ್ತಿ ಕೊಟ್ಟು "ಬಿಡು" ಅಂದೆ. ಕೈ ಬಿಟ್ಟ ಕೂಡಲೇ ವಿಮಾನ ಮೂತಿ ಎತ್ತಿತು, ಎಡಕ್ಕೂ ವಾಲಿತು. ಇದು ಹೊಸ ವಿಮಾನಗಳ ಸಾಮಾನ್ಯ ಗುಣ. ಮೋಟಾರಿನ ಎಳೆತಕ್ಕೆ ಮೂತಿ ಏಳುತ್ತದೆ, ಪ್ರೊಪೆಲ್ಲರ್ ತಿರುಗುವ ಬಲಕ್ಕೆ ಒಡಲು ಎಡಕ್ಕೆ ಹೋಗುತ್ತದೆ. ಕಡ್ಡಿಯಲ್ಲೇ ಸರಿಮಾಡಿಕೊಂಡು ಎತ್ತರ ತಲುಪಿದೆ. ಅರ್ಧ ಥ್ರಾಟಲ್‌ನಲ್ಲಿ (ಮೋಟಾರಿನ ಅರ್ಧ ಶಕ್ತಿಯಲ್ಲಿ) ಟ್ರಿಮ್, ಅಂದರೆ ಓರೆ ಸರಿಪಡಿಸುವ ರಿಮೋಟಿನ ಸಣ್ಣ ಗುಂಡಿ ಒತ್ತುತ್ತಾ ಹೋದೆ, ಕೈಬಿಟ್ಟರೂ ನೇರ ಹೋಗುವವರೆಗೆ. ಆಮೇಲೆ ಅಲ್ಲೇ ಮೇಲೆ ಥ್ರಾಟಲ್ ಇಳಿಸಿ, ಎಲಿವೇಟರ್ ಎಳೆದು ಹಿಡಿದು, ವೇಗ ಸಾಯುವವರೆಗೆ ಕಾದೆ. ರೆಕ್ಕೆ ಒಂದು ಕಡೆ ಬೀಳದೆ ಮೂತಿ ನೇರವಾಗಿ ಕುಸಿಯಿತು. ರೆಕ್ಕೆ ತಿರುಚಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಎಸೆಯುವ ಎತ್ತರದಲ್ಲಿ ಈ ಪರೀಕ್ಷೆ ಮಾಡುವ ಹಾಗಿಲ್ಲ, ಮೇಲೆಯೇ ಮಾಡಬೇಕು.

ಇಳಿಸಿದ ಮೇಲೆ ಮೋಟಾರ್ ಹಿಂದಿನ ಮೇಲಿನ ಎರಡು ಸ್ಕ್ರೂಗಳಿಗೆ ಒಂದೊಂದು ವಾಷರ್ ಹಾಕಿದೆ. ಮೋಟಾರ್ ಒಂಚೂರು ಕೆಳಕ್ಕೆ ಬಗ್ಗಿತು. ಎಡಗಡೆ ಎರಡೂ ಸ್ಕ್ರೂಗಳಿಗೆ ತೆಳುವಾದ ವಾಷರ್ ಹಾಕಿದಾಗ ಬಲಕ್ಕೂ ತಿರುಗಿತು. ಎರಡು ಮೂರು ಡಿಗ್ರಿ ಅಷ್ಟೇ. ಮುಂದಿನ ಸಲ ಎಸೆದಾಗ ವಿಮಾನ ಗೆರೆ ಎಳೆದ ಹಾಗೆ ಹೋಯಿತು.

ಬಿದ್ದದ್ದು ಆಮೇಲೊಂದು ಸಂಜೆ. ತಿರುವಿನ ಮಧ್ಯೆ ಎಲಿವೇಟರ್ ಸತ್ತುಹೋಯಿತು. ಕಡ್ಡಿ ಎಷ್ಟು ಎಳೆದರೂ ಮೂತಿ ಏಳಲಿಲ್ಲ. ಅಳಿಯನಿಗೂ ಗೊತ್ತಾಯಿತು. "ಮಾಮ, ಬಗ್ತಾ ಇದೆ, ಬಗ್ತಾ ಇದೆ!" ಅಂತ ಕೂಗಿದ. ಏಲೆರಾನ್ ಕೆಲಸ ಮಾಡುತ್ತಿತ್ತು, ಮೋಟಾರೂ ಇತ್ತು. ರೆಕ್ಕೆ ಮೇಲಿರುವ ಟ್ರೈನರ್‌ನಲ್ಲಿ ಥ್ರಾಟಲ್ ಏರಿಸಿದರೆ ಮೂತಿ ಏಳುತ್ತದೆ, ಇಳಿಸಿದರೆ ಬಗ್ಗುತ್ತದೆ. ಅದನ್ನೇ ಎಲಿವೇಟರ್ ಮಾಡಿಕೊಂಡೆ. ಏಲೆರಾನ್‌ನಲ್ಲಿ ರೆಕ್ಕೆ ಮಟ್ಟ ಮಾಡಿ, ಥ್ರಾಟಲ್ ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ, ಖಾಲಿ ಹೊಲದ ಕಡೆ ತಂದೆ. ನೆಲ ಮುಟ್ಟುವ ಮುಂಚೆ ಥ್ರಾಟಲ್ ಪೂರ್ತಿ ಕೆಳಗೆ. ಬಿದ್ದ ಮೇಲೂ ಮೋಟಾರ್ ತಿರುಗಲು ಒದ್ದಾಡಿದರೆ ಇಎಸ್‌ಸಿ ಸುಡುತ್ತದೆ. ಎಡ ರೆಕ್ಕೆ ಬದುವಿಗೆ ಬಡಿಯಿತು. ವಿಮಾನ ಸುತ್ತಿ ಬಿತ್ತು, ಬಾಲವೂ ನೆಲಕ್ಕೆ ಹೊಡೆಯಿತು.

ಬಿದ್ದ ವಿಮಾನವನ್ನು ನಾನು ಕೂಡಲೇ ಎತ್ತುವುದಿಲ್ಲ. ಬ್ಯಾಟರಿ ಮಾತ್ರ ಮೊದಲು ಬಿಚ್ಚುತ್ತೇನೆ. ಅದು ಊದಿದೆಯಾ, ಜಜ್ಜಿದೆಯಾ ನೋಡಿ, ವಿಮಾನದಿಂದ ದೂರ ಬಯಲಲ್ಲಿ ಇಡುತ್ತೇನೆ. ಪೆಟ್ಟು ತಿಂದ ಲೈಪೋ ಸ್ವಲ್ಪ ಹೊತ್ತಾದ ಮೇಲೂ ಹೊತ್ತಿಕೊಳ್ಳಬಹುದು, ಆದ್ದರಿಂದ ಅದು ತಕ್ಷಣ ಗಾಡಿಯ ಡಿಕ್ಕಿಗೆ ಹೋಗುವುದಿಲ್ಲ. ಆಮೇಲೆ ಮೊಬೈಲಿನಲ್ಲಿ ಫೋಟೋ. ಯಾವ ತುಂಡು ಎಲ್ಲಿ ಬಿತ್ತು, ಯಾವ ಸರ್ವೋ ಕಡ್ಡಿ ಎಲ್ಲಿ ಬಿಟ್ಟುಕೊಂಡಿದೆ ಅಂತ. ಚೂರುಗಳನ್ನೆಲ್ಲ ಒಂದು ಕವರಿಗೆ ಹಾಕುತ್ತೇನೆ, ಉಗುರಿನಷ್ಟಿದ್ದರೂ ಬಿಡುವುದಿಲ್ಲ. ಮುರಿದ ಅಂಚುಗಳು ತಾವೇ ತಮ್ಮ ಜೋಡಿಯನ್ನು ತೋರಿಸುತ್ತವೆ.

ಮುರಿದದ್ದನ್ನು ಸರಿಮಾಡಲು ಎಲ್ಲರಿಗೂ ಆತುರ. ಆದರೆ ಯಾಕೆ ಬಿತ್ತು ಅಂತ ತಿಳಿಯದೆ ಅಂಟು ಹಚ್ಚಿದರೆ ಅದೇ ವಿಮಾನ ಅದೇ ಕಾರಣಕ್ಕೆ ಮತ್ತೆ ಬೀಳುತ್ತದೆ. ಎಲಿವೇಟರ್ ಅನ್ನು ಬೆರಳಿನಲ್ಲಿ ಮೆಲ್ಲಗೆ ಆಡಿಸಿದೆ. ಸರ್ವೋದಿಂದ ಎಲಿವೇಟರ್‌ಗೆ ಹೋಗುವ ಕಡ್ಡಿ ಗಟ್ಟಿ ಇತ್ತು, ಅದನ್ನು ಸಿಕ್ಕಿಸುವ ಹಾರ್ನ್ (ಎಲಿವೇಟರ್ ಮೇಲಿನ ಪುಟ್ಟ ತುಂಡು) ಗಟ್ಟಿ ಇತ್ತು. ಸರ್ವೋ ತೋಳು ಮಾತ್ರ ಒಂದು ಜಾಗದಲ್ಲಿ ಬಿಗಿತ ಬಿಟ್ಟು ಜಾರಿತು. ಮುಚ್ಚಳ ತೆಗೆದರೆ ಒಳಗಿನ ಪ್ಲಾಸ್ಟಿಕ್ ಗೇರಿನ ಎರಡು ಹಲ್ಲು ಇಲ್ಲ. ಅಲ್ಲಿಗೆ ಕಾರಣ ಸಿಕ್ಕಿತು. ಆ ಜಾಗಕ್ಕೆ ಲೋಹದ ಗೇರಿನ ಸರ್ವೋ ಹಾಕಿದೆ. ನಾಲ್ಕು ಗ್ರಾಂ ಜಾಸ್ತಿ. ಆದರೆ ಅದು ಇರುವುದು ಸಿ.ಜಿ. ಹತ್ತಿರ, ಆದ್ದರಿಂದ ತೊಂದರೆ ಇಲ್ಲ.

ತೂಕ ಎಲ್ಲಿ ಸೇರುತ್ತದೆ ಅನ್ನುವುದೇ ರಿಪೇರಿಯ ಮುಖ್ಯ ಲೆಕ್ಕ. ನನ್ನ ವಿಮಾನದಲ್ಲಿ ಬಾಲ ಸಿ.ಜಿ.ಯಿಂದ 60 ಸೆಂ.ಮೀ. ಹಿಂದೆ, ಮೂತಿ 20 ಸೆಂ.ಮೀ. ಮುಂದೆ. ಬಾಲಕ್ಕೆ 10 ಗ್ರಾಂ ಅಂಟು ಮೆತ್ತಿದರೆ ಮೂತಿಗೆ 30 ಗ್ರಾಂ ಸೀಸ ಹಾಕಬೇಕು. ಸುಮ್ನೆ 40 ಗ್ರಾಂ ಹೊರೆ. ಹಾಗಾಗಿ ಬಾಲದ ಬಿರುಕಿಗೆ ಹಾಟ್ ಗ್ಲೂ ಸುರಿಯಲಿಲ್ಲ. ಅಗರಬತ್ತಿಯಷ್ಟು ತೆಳುವಾದ ಎರಡು ಬಿದಿರು ಕಡ್ಡಿಗಳನ್ನು ಬಿರುಕಿಗೆ ಅಡ್ಡವಾಗಿ ಫೋಮಿನೊಳಗೆ ತೂರಿಸಿದೆ. ಕಡ್ಡಿಗೆ ಒರೆಸಿದಷ್ಟೇ ಅರಲ್ಡೈಟ್. ಮೇಲೆ ತೆಳು ಸೆಲ್ಲೋ ಟೇಪ್, ಎರಡೂ ಮುಖಕ್ಕೆ. ಅಡುಗೆಮನೆಯ ತಕ್ಕಡಿಯಲ್ಲಿ ಮೊದಲು, ಆಮೇಲೆ ತೂಗಿದರೆ ವ್ಯತ್ಯಾಸ 3 ಗ್ರಾಂ.

ರೆಕ್ಕೆ ಕೆಲಸ ನಿಧಾನದ್ದು. ಒಳಗಿನ ಮರದ ಪಟ್ಟಿ ತುಂಡಾಗಿತ್ತು. ತುದಿಗೆ ತುದಿ ಅಂಟಿಸಿದರೆ ಅದು ನಿಲ್ಲುವುದಿಲ್ಲ. ಮುರಿದ ಭಾಗ ಕತ್ತರಿಸಿ ತೆಗೆದು, ಹೊಸ ತುಂಡನ್ನು ಎರಡೂ ಕಡೆ ಓರೆ ಕೊಯ್ದು ಕೂರಿಸಿದೆ. ಪಟ್ಟಿಯ ದಪ್ಪದ ಹತ್ತರಷ್ಟು ಉದ್ದದ ಓರೆ, ಅಂದರೆ 6 ಮಿ.ಮೀ.ಗೆ 60 ಮಿ.ಮೀ. ಓರೆ ಉದ್ದವಾದಷ್ಟೂ ಅಂಟಿಗೆ ಹಿಡಿಯಲು ಜಾಗ ಜಾಸ್ತಿ. ಕೂಡಿದ ಕಡೆ ಗಾಳಿಪಟದ ದಾರವನ್ನು ಒತ್ತೊತ್ತಾಗಿ ಸುತ್ತಿ, ಬೆರಳಿನಲ್ಲೇ ಅರಲ್ಡೈಟ್ ಸವರಿದೆ. ದಾರ ಅಂಟು ಕುಡಿದು ಬಣ್ಣ ಕಪ್ಪಾಗುತ್ತದೆ. ಬಿಳಿ ಉಳಿದ ಕಡೆ ಇನ್ನೂ ಅಂಟು ತಲುಪಿಲ್ಲ ಅಂತ ಅರ್ಥ. ಜಜ್ಜಿದ ಫೋಮನ್ನು ಕಟ್ಟರ್‌ನಲ್ಲಿ ಚೌಕಾಕಾರವಾಗಿ ತೆಗೆದು, ಅದೇ ಅಳತೆಯ ಹೊಸ ಫೋಮ್ ತುಂಬಿದೆ. ಅಡುಗೆಮನೆಯ ಗ್ರಾನೈಟ್ ಕಟ್ಟೆ ನಮ್ಮ ಮನೆಯಲ್ಲಿ ಅತಿ ಸಮತಟ್ಟಾದ ಜಾಗ. ಅಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ರೆಕ್ಕೆ ಇಟ್ಟು, ಮೇಲೆ ಪುಸ್ತಕ ಹೇರಿ, ರಾತ್ರಿ ಪೂರ್ತಿ ಬಿಟ್ಟೆ. ಮನೆಯವರು ಬೆಳಗಿನ ಕಾಫಿಯನ್ನು ಪಕ್ಕದಲ್ಲೇ ಮಾಡಿಕೊಂಡರು. ಆ ಸಹಕಾರ ಇಲ್ಲದೆ ಈ ಹವ್ಯಾಸ ನಡೆಯುವುದಿಲ್ಲ.

ಮೋಟಾರಿನ ಶಾಫ್ಟ್ ಬಗ್ಗಿದೆಯಾ ಅಂತ ಪ್ರೊಪೆಲ್ಲರ್ ಇಲ್ಲದೆ ತಿರುಗಿಸಿ ನೋಡಿದೆ. ತುದಿ ಅಲುಗಲಿಲ್ಲ. ಪ್ರೊಪೆಲ್ಲರ್ ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದಿತ್ತು, ಕಸಕ್ಕೆ ಹಾಕಿದೆ. ಪ್ರೊಪೆಲ್ಲರನ್ನು ಯಾವತ್ತೂ ಅಂಟಿಸಬಾರದು. ಅಷ್ಟು ವೇಗದಲ್ಲಿ ಚೂರು ಹಾರಿದರೆ ಕಣ್ಣಿಗೇ ಅಪಾಯ.

ಅಂಟು ಹಚ್ಚಿದ ರೆಕ್ಕೆ ಇನ್ನೊಂದಕ್ಕಿಂತ ಭಾರ ಇದ್ದೇ ಇರುತ್ತದೆ. ಮೂತಿ ಮತ್ತು ಬಾಲಕ್ಕೆ ದಾರ ಕಟ್ಟಿ ತೂಗುಹಾಕಿದರೆ ಎಡ ರೆಕ್ಕೆ ಕೆಳಗೆ ಬಂತು. ಬಲ ರೆಕ್ಕೆಯ ತುದಿಗೆ ಒಂದು ರೂಪಾಯಿ ನಾಣ್ಯ ಅಂಟಿಸಿದೆ. ಈಗಿನ ನಾಣ್ಯ ಮೂರು-ನಾಲ್ಕು ಗ್ರಾಂ ತೂಗುತ್ತದೆ, ತುದಿಯಲ್ಲಿ ಅಷ್ಟು ಸಾಕಾಯಿತು. ಆಮೇಲೆ ಹಿಂದಿನಿಂದ ಕಣ್ಣು ಮಟ್ಟಕ್ಕೆ ಹಿಡಿದು ಎರಡೂ ರೆಕ್ಕೆಗಳ ಹಿಂದಿನ ಅಂಚು ಒಂದೇ ಗೆರೆಯಲ್ಲಿದೆಯಾ ನೋಡಿದೆ.

ರಿಪೇರಿಯಾದ ವಿಮಾನ ನನಗೆ ಹೊಸ ವಿಮಾನವೇ. ಹಳೆಯ ಟ್ರಿಮ್ ನಂಬುವುದಿಲ್ಲ. ಮೇಜಿನ ಪರೀಕ್ಷೆಯಿಂದ ಹಿಡಿದು ಮೇಲೆ ಥ್ರಾಟಲ್ ಇಳಿಸಿ ಕುಸಿಯುವುದನ್ನು ನೋಡುವವರೆಗೆ ಎಲ್ಲವೂ ಮತ್ತೆ. ಆ ಸಂಜೆ ಅಳಿಯ ಎಸೆದಾಗ ನೇರ ಹೋಯಿತು. ಎಡಕ್ಕೆ ಒಂಚೂರು ಎಳೆಯುತ್ತಿತ್ತು, ಏಲೆರಾನ್ ಟ್ರಿಮ್ ಎರಡು ಕ್ಲಿಕ್‌ಗೆ ಸರಿಯಾಯಿತು. ಮೂತಿ ಮೊದಲಿನ ಹಾಗೇ ನೇರವಾಗಿ ಕುಸಿಯಿತು. ಈಗ ಸಿ.ಜಿ.ಯನ್ನು 5.5 ಸೆಂ.ಮೀ.ಗೆ ಸರಿಸಿದ್ದೇನೆ, ತಿರುವು ಇನ್ನೂ ಹಗುರಾಗಿದೆ. ಉಳಿದ ಮೂರು ಸರ್ವೋಗಳ ಗೇರನ್ನು ಕೂಡ ಪ್ರತಿ ಸಂಜೆ ಹೊರಡುವ ಮುಂಚೆ ಬೆರಳಿನಲ್ಲಿ ಆಡಿಸಿ ನೋಡುತ್ತೇನೆ.