ಹಾಳಾದ ಹಳ್ಳಿ ರಸ್ತೆ, ಸೇತುವೆ: ಹೊಣೆಗಾರರನ್ನು ಹಿಡಿದು ದುರಸ್ತಿ ಮಾಡಿಸುವುದು ಹೇಗೆ

ಗುಂಡಿಯಲ್ಲಿ ಬಾಳೆಗಿಡ ನೆಟ್ಟು ಪ್ರತಿಭಟಿಸಿದರೆ ಫೋಟೊ ಪೇಪರಿನಲ್ಲಿ ಬರುತ್ತದೆ, ರಸ್ತೆ ಬರುವುದಿಲ್ಲ. ಇಂಥ ಪ್ರತಿಭಟನೆಗಳು ಹೆಚ್ಚಾಗಿ ನಡೆಯುವುದು ಜುಲೈನಲ್ಲಿ. ಸುರಿವ ಮಳೆಯಲ್ಲಿ ಡಾಂಬರು ಹಾಕುವಂತಿಲ್ಲ. ಆ ವರ್ಷದ ಕ್ರಿಯಾಯೋಜನೆ ಆಗಲೇ ಸಿದ್ಧವಾಗಿರುತ್ತದೆ, ಅದರಲ್ಲಿ ನಿಮ್ಮ ರಸ್ತೆಯ ಹೆಸರಿರುವುದಿಲ್ಲ. ಒತ್ತಡ ಜೋರಾದರೆ ಎರಡು ಟಿಪ್ಪರ್ ಕೆಂಪುಮಣ್ಣು ತಂದು ಸುರಿಯುತ್ತಾರೆ, ಮರುದಿನದ ಮಳೆಗೆ ಅದೇ ಕೆಸರು. ಕೆಲಸ ಆಗಬೇಕಾದರೆ ರಸ್ತೆ ಯಾರ ಪಟ್ಟಿಯಲ್ಲಿದೆ, ಯಾಕೆ ಹಾಳಾಗುತ್ತಿದೆ, ಅರ್ಜಿ ಯಾವ ತಿಂಗಳಲ್ಲಿ ಯಾರ ಮೇಜಿಗೆ ಹೋಗಬೇಕು ಎಂಬುದು ಗೊತ್ತಿರಬೇಕು.

ವಾರಸುದಾರ ಯಾರು?

ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಳ್ಳಿಯಿಂದ ಹಳ್ಳಿಗೆ ಹೋಗುವ ಗ್ರಾಮೀಣ ರಸ್ತೆಗಳನ್ನು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ನೋಡಿಕೊಳ್ಳಬೇಕು. ತಾಲೂಕಿನಲ್ಲಿ ಅದರ ಉಪವಿಭಾಗವಿದ್ದು, ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅಲ್ಲಿ ಕೂರುತ್ತಾರೆ. ಊರೊಳಗಿನ ಬೀದಿ, ಚರಂಡಿ ಗ್ರಾಮ ಪಂಚಾಯಿತಿಯ ಪಾಲು. 2000ದ ಡಿಸೆಂಬರ್‌ನಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಕರ್ನಾಟಕ ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆಯ ಹೊಣೆ. ಕಿಲೋಮೀಟರ್ ಕಲ್ಲು ಉಳಿದಿದ್ದರೆ ಅದರ ತಲೆಯ ಬಣ್ಣ ನೋಡಿ: ಹಸಿರು ರಾಜ್ಯ ಹೆದ್ದಾರಿ, ಕಿತ್ತಳೆ ಗ್ರಾಮೀಣ ರಸ್ತೆ.

ಸೇತುವೆಗಳ ವಿಷಯ ಇನ್ನೂ ಗೋಜಲು. ಕಾಲುವೆ ಮೇಲಿನದು ನೀರಾವರಿ ನಿಗಮದ್ದು, ಕಿಂಡಿ ಅಣೆಕಟ್ಟಿನ ಮೇಲೆ ಹಾಸಿದ ಸೇತುವೆ ಹೆಚ್ಚಿನ ಕಡೆ ಸಣ್ಣ ನೀರಾವರಿ ಇಲಾಖೆಯದು. ಸೇತುವೆ ಒಬ್ಬರದು, ಎರಡೂ ಕಡೆಯ ಕೂಡುರಸ್ತೆ ಇನ್ನೊಬ್ಬರದು ಆಗಿದ್ದರಂತೂ ಮಧ್ಯದ ಹತ್ತು ಮೀಟರ್ ಕೊಚ್ಚಿಹೋದಾಗ ಇಬ್ಬರೂ ಕೈ ತೊಳೆದುಕೊಳ್ಳುತ್ತಾರೆ. ಆದ್ದರಿಂದ ಮಾತಿನಲ್ಲಿ ಉತ್ತರ ಪಡೆಯಬೇಡಿ. "ಈ ರಸ್ತೆ ನಿಮ್ಮ ರಸ್ತೆ ಪಟ್ಟಿಯಲ್ಲಿದೆಯೇ, ಇದ್ದರೆ ಕ್ರಮಸಂಖ್ಯೆ ಮತ್ತು ಉದ್ದ ಎಷ್ಟು" ಎಂದು ಒಂದೇ ಸಾಲಿನ ಅರ್ಜಿ ಕೊಟ್ಟು ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ. "ನಮ್ಮದಲ್ಲ" ಎಂಬ ಹಿಂಬರಹವೂ ಮುಂದೆ ಕೆಲಸಕ್ಕೆ ಬರುತ್ತದೆ.

ಗ್ರಾಮ ಸಡಕ್ ರಸ್ತೆಯಾದರೆ ನಿಮ್ಮ ಕೈ ಮೇಲಿದೆ. ರಸ್ತೆ ಮಾಡಿದ ಗುತ್ತಿಗೆದಾರನೇ ಮುಗಿದ ದಿನದಿಂದ 5 ವರ್ಷ ನಿರ್ವಹಣೆ ಮಾಡಬೇಕೆಂದು ಕರಾರಿನಲ್ಲೇ ಇರುತ್ತದೆ. ಗುಂಡಿ ಮುಚ್ಚುವುದಷ್ಟೇ ಅಲ್ಲ, ಅಂಚಿನ ಮಣ್ಣು, ಚರಂಡಿ, ಮೋರಿ ಸ್ವಚ್ಛ ಮಾಡುವುದೂ ಸೇರಿ. ರಸ್ತೆಯ ತಲೆಯಲ್ಲಿರುವ ಫಲಕದಲ್ಲಿ ಮುಗಿದ ದಿನಾಂಕ ಮತ್ತು ವರ್ಷವಾರು ನಿರ್ವಹಣೆ ಮೊತ್ತ ನಮೂದಾಗಿರುತ್ತದೆ. ಮೊದಲು ಅದರ ಫೋಟೊ ತೆಗೆದಿಡಿ, ಫಲಕಗಳು ಗುಜರಿಗೆ ಹೋಗುವುದು ಹೊಸದೇನಲ್ಲ. ದೂರಿಗೆ ಮೇರಿ ಸಡಕ್ ಆ್ಯಪ್ ಇದೆ. ಉಳಿದ ಯೋಜನೆಗಳ ರಸ್ತೆಗೂ ದೋಷ ಹೊಣೆಗಾರಿಕೆ ಅವಧಿ, ಅಂದರೆ ಕೆಟ್ಟರೆ ಗುತ್ತಿಗೆದಾರನೇ ಸರಿಪಡಿಸಬೇಕಾದ ಅವಧಿ, ಇರುತ್ತದೆ, ಎಷ್ಟು ವರ್ಷ ಎಂಬುದನ್ನು ಕರಾರು ನೋಡಿಯೇ ಹೇಳಬೇಕು.

ರಸ್ತೆ ಹಾಳಾಗುವುದು ನೀರಿನಿಂದ

ಗುಂಡಿಗೆ ಲಾರಿಯನ್ನು ಬಯ್ಯುವ ಮುಂಚೆ ನೀರು ಎಲ್ಲಿ ನಿಲ್ಲುತ್ತಿದೆ ನೋಡಿ. ಗ್ರಾಮೀಣ ರಸ್ತೆಯ ಡಾಂಬರು ಸಾಮಾನ್ಯವಾಗಿ 3.75 ಮೀಟರ್ ಅಗಲ, ವಾಹನ ಕಡಿಮೆ ಇದ್ದಲ್ಲಿ 3 ಮೀಟರ್. ನಡು ಎತ್ತರ, ಅಂಚು ತಗ್ಗು ಇರಬೇಕು. ಡಾಂಬರು ರಸ್ತೆಗೆ ಈ ಇಳಿಜಾರು ಶೇ. 3ರಿಂದ 3.5, ಅಂದರೆ 3.75 ಮೀಟರ್ ರಸ್ತೆಯಲ್ಲಿ ನಡುವಿಗಿಂತ ಅಂಚು ಸುಮಾರು 6 ಸೆಂಟಿಮೀಟರ್ ಕೆಳಗೆ. ಜಲ್ಲಿ ರಸ್ತೆಗೆ ಶೇ. 4, ಅಂದರೆ ಏಳೂವರೆ ಸೆಂಟಿಮೀಟರ್. ನಡುವಿನಿಂದ ಅಂಚಿಗೆ ಒಂದು ದಾರ ಎಳೆದು, ಗಾರೆಯವರ ಮಟ್ಟಗೋಲಿನಿಂದ ಸಮ ಮಾಡಿಕೊಂಡು ಅಂಚಿನಲ್ಲಿ ದಾರದ ಕೆಳಗಿನ ಸಂದು ಅಳೆದರೆ ಸಾಕು.

ಹಳೆಯ ರಸ್ತೆಗಳಲ್ಲಿ ಈ ಲೆಕ್ಕ ಕೆಡಿಸುವುದು ಅಂಚಿನ ಮಣ್ಣು. ವರ್ಷಗಟ್ಟಲೆ ಧೂಳು, ಹುಲ್ಲು, ಹೊಲದ ಮಣ್ಣು ಸೇರಿ ಅದು ಡಾಂಬರಿಗಿಂತ ಎತ್ತರವಾಗುತ್ತದೆ. ಮಳೆನೀರು ಚರಂಡಿಗೆ ಇಳಿಯಲಾರದೆ ರಸ್ತೆ ಮೇಲೇ ಹರಿಯುತ್ತದೆ, ಜಲ್ಲಿಯಿಂದ ಡಾಂಬರು ಬಿಟ್ಟುಕೊಳ್ಳುತ್ತದೆ, ಮೊದಲ ಗುಂಡಿ ಅಲ್ಲೇ ಹುಟ್ಟುತ್ತದೆ. ಉಲ್ಟಾ ಆದರೂ ಕಷ್ಟ: ಅಂಚಿನ ಮಣ್ಣು ಕೊಚ್ಚಿಹೋಗಿ ಡಾಂಬರು ಮೆಟ್ಟಿಲಿನಂತೆ ನಿಂತರೆ, ಎದುರು ಬಂದ ಬಸ್ಸಿಗೆ ದಾರಿ ಬಿಡಲು ಚಕ್ರ ಇಳಿಸಿದಾಗಲೆಲ್ಲ ಅಂಚು ಒಂದೊಂದು ತುಂಡು ಮುರಿಯುತ್ತದೆ. ಮೂರು ಮುಕ್ಕಾಲು ಮೀಟರ್ ರಸ್ತೆ ಎರಡೂವರೆ ಆಗುವುದು ಹೀಗೆ. ಎತ್ತರದ ಅಂಚನ್ನು ಕೆತ್ತಿಸುವುದು ಡಾಂಬರಿನ ಮುಂದೆ ಏನೂ ಖರ್ಚಿಲ್ಲದ ಕೆಲಸ. ರಿಬ್ಬನ್ ಕತ್ತರಿಸಲು ಏನೂ ಇರುವುದಿಲ್ಲವಾದ್ದರಿಂದಲೋ ಏನೋ, ಯಾರಿಗೂ ಅದರಲ್ಲಿ ಆಸಕ್ತಿಯಿಲ್ಲ.

ಊರಿನವರ ಪಾಲನ್ನೂ ಮುಚ್ಚಿಡಬಾರದು. ಕೆಸರುಗದ್ದೆಯ ಕಬ್ಬಿಣದ ಚಕ್ರ (ಕೇಜ್ ವೀಲ್) ಹಾಕಿದ ಟ್ರ್ಯಾಕ್ಟರನ್ನು ಗದ್ದೆಯಿಂದ ಗದ್ದೆಗೆ ಡಾಂಬರಿನ ಮೇಲೇ ಓಡಿಸುವುದು, ಮನೆಯ ಬಚ್ಚಲುನೀರು ರಸ್ತೆಗೆ ಬಿಡುವುದು, ಚರಂಡಿ ಉತ್ತು ಹೊಲಕ್ಕೆ ಸೇರಿಸಿಕೊಳ್ಳುವುದು, ಪೈಪ್ ಇಡದೆ ಚರಂಡಿಗೆ ಮಣ್ಣು ತುಂಬಿ ಗಾಡಿ ದಾರಿ ಮಾಡಿಕೊಳ್ಳುವುದು. ಇವು ಇರುವಾಗ ಹೊಸ ಡಾಂಬರು ಬಂದರೂ ನಿಲ್ಲದು, ಎಂಜಿನಿಯರಿಗೂ ಅದೇ ನೆಪ ಸಿಗುತ್ತದೆ. ಅರ್ಜಿ ಕೊಡುವ ಮುಂಚೆ ಇವನ್ನು ಊರಲ್ಲೇ ಇತ್ಯರ್ಥ ಮಾಡಿಕೊಳ್ಳಿ. ನಲ್ಲಿ ಪೈಪಿಗಾಗಿ ಅಗೆದು ಹಾಗೇ ಬಿಟ್ಟ ಕಾಲುವೆಗಳು ಬೇರೆ ಲೆಕ್ಕ. ಪೈಪ್ ಹಾಕಿದ ಗುತ್ತಿಗೆದಾರನಿಂದಲೇ ಅವನ್ನು ಮುಚ್ಚಿಸಬೇಕು.

ಗುಂಡಿ ಮುಚ್ಚುವ ಸರಿಯಾದ ಕ್ರಮ ಹೀಗೆ: ಸುತ್ತಲಿನ ಸಡಿಲ ಭಾಗ ಸೇರಿಸಿ ಚೌಕಾಕಾರವಾಗಿ, ಬದಿ ನೆಟ್ಟಗೆ ಇರುವಂತೆ, ಗಟ್ಟಿ ತಳ ಸಿಗುವವರೆಗೆ ಕತ್ತರಿಸಬೇಕು. ಧೂಳು ತೆಗೆದು ಒಣಗಿಸಿ, ತಳಕ್ಕೂ ಬದಿಗೂ ಡಾಂಬರಿನ ಎಮಲ್ಷನ್ ಬಳಿಯಬೇಕು. ಆಳದ ಗುಂಡಿಯನ್ನು ಒಂದೇ ಸಲ ತುಂಬದೆ ಏಳೂವರೆ ಸೆಂಟಿಮೀಟರಿನ ಪದರಗಳಲ್ಲಿ ತುಂಬಿ, ಒಂದೊಂದನ್ನೂ ದಮ್ಮಸ್ಸು ಮಾಡಬೇಕು. ಕೊನೆಯ ಪದರ ರಸ್ತೆಗಿಂತ ಅರ್ಧ ಸೆಂಟಿಮೀಟರ್ ಮೇಲಿದ್ದರೆ ವಾಹನ ಓಡಾಡಿ ಸಮವಾಗುತ್ತದೆ. ನೀರು ತುಂಬಿದ ಗುಂಡಿಗೆ ಬಿಸಿ ಮಿಶ್ರಣ ಸುರಿದು ಸಲಿಕೆಯಿಂದ ತಟ್ಟಿ ಹೋದರೆ ಅದು ರೊಟ್ಟಿಯಂತೆ ಎದ್ದು ಬರುತ್ತದೆ. ಮಳೆಗಾಲದ ತುರ್ತಿಗೆ ಚೀಲದಲ್ಲಿ ಬರುವ, ಬಿಸಿ ಮಾಡದೆ ಹಾಕುವ ಡಾಂಬರು ಮಿಶ್ರಣ (ಕೋಲ್ಡ್ ಮಿಕ್ಸ್) ಇದೆ. ಅದಿಲ್ಲದಿದ್ದರೆ 40 ಎಂ.ಎಂ. ಜಲ್ಲಿಗೆ ಕ್ರಷರ್ ಪುಡಿ ಸೇರಿಸಿ ದಮ್ಮಸ್ಸು ಮಾಡುವುದು ಕೆಂಪುಮಣ್ಣಿಗಿಂತ ಎಷ್ಟೋ ವಾಸಿ.

ಸೇತುವೆಯ ಕೆಳಗೆ ಇಳಿದು ನೋಡಿ

ವರ್ಷಕ್ಕೆ ಎರಡು ಸಲ ನೋಡಬೇಕು: ಮೇ ಮೊದಲ ವಾರ, ಮತ್ತೆ ನೀರಿಳಿದ ನವೆಂಬರ್. 6 ಮೀಟರ್‌ವರೆಗಿನದು ಮೋರಿ, 60 ಮೀಟರ್‌ವರೆಗಿನದು ಕಿರುಸೇತುವೆ ಎಂದು ಲೆಕ್ಕ. ಅರ್ಜಿಯಲ್ಲಿ ಆ ಹೆಸರನ್ನೇ ಬಳಸಿ. ಮೋರಿಯಲ್ಲಿ ನೋಡಬೇಕಾದ್ದು ಪೈಪಿನೊಳಗಿನ ಹೂಳು. 600 ಎಂ.ಎಂ. ಪೈಪುಗಳು ಮಲೆನಾಡಿನ ಎಲೆ, ಕೊಂಬೆಗೆ ಬೇಗ ಕಟ್ಟುತ್ತವೆ, ಒಳಗೆ ಆಳು ನುಗ್ಗಿ ತೆಗೆಯುವುದೂ ಆಗದು. ಹೊಸದಾಗಿ ಕೇಳುವಾಗ 1000 ಎಂ.ಎಂ. ಪೈಪೇ ಕೇಳಿ.

ಸೇತುವೆಯಲ್ಲಿ ಮೊದಲು ನೋಡಬೇಕಾದ್ದು ಕಂಬದ ಬುಡ. ಅಡಿಪಾಯದ ಕಾಂಕ್ರೀಟ್ ಅಂಚು ಮರಳಿನಿಂದ ಮೇಲೆ ಕಾಣುತ್ತಿದ್ದರೆ ನದಿ ಬುಡ ಕೊರೆಯುತ್ತಿದೆ ಎಂದರ್ಥ. ಹತ್ತಿರದಲ್ಲಿ ಮರಳು ತೆಗೆಯುತ್ತಿದ್ದರೆ ಇದು ಬೇಗ ಆಗುತ್ತದೆ. 2018ರ ಜೂನ್‌ನಲ್ಲಿ ಬಂಟ್ವಾಳ ಬಳಿಯ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ ಊರಿನವರು ಬೆರಳು ತೋರಿದ್ದು ಮರಳುಗಾರಿಕೆಯತ್ತಲೇ. ಆಮೇಲೆ ಮೇಲ್ಹಾಸಿನ ತಳ ನೋಡಿ: ತುಕ್ಕಿನ ಕಂದು ಗೆರೆ, ಉದುರಿದ ಸಿಮೆಂಟು, ಹೊರಗೆ ಕಾಣುವ ಕಬ್ಬಿಣ. ಇವುಗಳ ಮೂಲ ಬಹಳ ಸಲ ಮೇಲೆ, ಕೈಪಿಡಿಗೋಡೆಯ ಬುಡದಲ್ಲಿರುತ್ತದೆ. ನೀರು ಹೋಗುವ ಕೊಳವೆಬಾಯಿ ಮಣ್ಣಿನಿಂದ ಮುಚ್ಚಿ, ನಿಂತ ನೀರು ಕಾಂಕ್ರೀಟಿನೊಳಗೆ ಇಳಿದಿರುತ್ತದೆ. ಒಂದು ಹಾರೆಯಲ್ಲಿ ಅರ್ಧ ದಿನದ ಕೆಲಸ. ಕಲ್ಲುಗೋಡೆಯ ಸಂದಿನಲ್ಲಿ ಅಶ್ವತ್ಥದ ಸಸಿ ಕಂಡರೆ ಬೆರಳು ಗಾತ್ರ ಇರುವಾಗಲೇ ಬೇರುಸಹಿತ ತೆಗೆಸಿ. ಮೇಲಷ್ಟೇ ಕಡಿದರೆ ಬೇರು ಒಳಗೆ ದಪ್ಪವಾಗುತ್ತಾ ಕಲ್ಲನ್ನು ಹೊರಗೆ ತಳ್ಳುತ್ತದೆ.

ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮುಂಗಾರಿಗೆ ಮುಂಚೆ ತೆಗೆಯದಿದ್ದರೆ ಮರದ ದಿಮ್ಮಿ ಸಿಕ್ಕಿಕೊಂಡು ನೀರು ಪಕ್ಕದ ದಂಡೆಯನ್ನೇ ಕೊರೆಯುತ್ತದೆ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ ಮಾದರಿಯ ತೂಗುಸೇತುವೆಗಳಲ್ಲಿ ಹಗ್ಗ ಕಾಂಕ್ರೀಟಿನೊಳಗೆ ಹೋಗುವ ಜಾಗದ ತುಕ್ಕು, ಕ್ಲಾಂಪುಗಳ ಬಿಗಿ, ಗ್ರೀಸ್ ನೋಡಬೇಕು.

ಅರ್ಜಿ, ಅದರ ಬೆನ್ನು ಹತ್ತುವುದು

ಸಮಯ ಅಕ್ಟೋಬರ್‌ನಿಂದ ಡಿಸೆಂಬರ್. ಪಂಚಾಯಿತಿಯ ಮುಂದಿನ ವರ್ಷದ ಯೋಜನೆ ಆಗ ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಸಿದ್ಧವಾಗುತ್ತದೆ. ಸಭೆಯಲ್ಲಿ ಕೂಗಾಡಿದ್ದು ಲೆಕ್ಕಕ್ಕಿಲ್ಲ, ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ, ಓದಿ ನೋಡಿ, ನಕಲು ಪಡೆಯಿರಿ. ಪಂಚಾಯಿತಿಯದಲ್ಲದ ರಸ್ತೆಗೂ ಆ ಠರಾವನ್ನು ಎಂಜಿನಿಯರಿಂಗ್ ಉಪವಿಭಾಗಕ್ಕೆ ಲಗತ್ತಿಸಬಹುದು.

"ರಸ್ತೆ ತುಂಬಾ ಹಾಳಾಗಿದೆ" ಎಂದು ಬರೆದರೆ ಅಂದಾಜುಪಟ್ಟಿ ಮಾಡಲಾಗದು. ಹೀಗೆ ಬರೆಯಿರಿ: "ಕಿ.ಮೀ. 1.2ರಿಂದ 1.5ರವರೆಗೆ ಎಡ ಅಂಚು ಡಾಂಬರಿಗಿಂತ 10 ಸೆಂ.ಮೀ. ಎತ್ತರವಿದ್ದು ನೀರು ನಿಲ್ಲುತ್ತಿದೆ, 1.35ರಲ್ಲಿ ಮೋರಿಯ ಅರ್ಧ ಹೂಳು ತುಂಬಿದೆ." ಜಾಗದ ಗುರುತು ಬರುವ ಫೋಟೊ ಜೊತೆಗಿರಲಿ. ಟಪಾಲು ಶಾಖೆಯಲ್ಲಿ ಕೊಟ್ಟು, ನಕಲಿನ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. 1902 ಜನಸ್ಪಂದನ ಸಹಾಯವಾಣಿಗೂ ಅದನ್ನೇ ದಾಖಲಿಸಿ, ದೂರಿನ ಸಂಖ್ಯೆ ಬರೆದಿಡಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ರಾಜ್ಯದ ಅರ್ಜಿಗೆ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು; ಇದನ್ನು ಮರೆತದ್ದಕ್ಕೇ ಎಷ್ಟೋ ಅರ್ಜಿ ತಿರಸ್ಕೃತವಾಗುತ್ತವೆ. ಕಾರಣ ಕೇಳಬೇಡಿ, ದಾಖಲೆ ಕೇಳಿ: ಅಂದಾಜುಪಟ್ಟಿ, ಕರಾರು, ಅಳತೆ ಪುಸ್ತಕದ (ಆದ ಕೆಲಸವನ್ನು ಅಳೆದು ಎಂಜಿನಿಯರ್ ಬರೆದಿಡುವ ಪುಸ್ತಕ) ಪುಟಗಳು, ಗುಣಮಟ್ಟ ಪರೀಕ್ಷೆ ವರದಿ. 30 ದಿನದಲ್ಲಿ ಬಾರದಿದ್ದರೆ ಮೊದಲ ಮೇಲ್ಮನವಿ. ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ.

ಜೀವಕ್ಕೇ ಅಪಾಯವಿದ್ದರೆ, ಅಂದರೆ ಕೈಪಿಡಿಗೋಡೆ ಬಿದ್ದ ಸೇತುವೆ, ಬಾಯ್ತೆರೆದ ಮೋರಿ ಇದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬಹುದು. ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133. ಅದೇ ಕಲಮಿನಡಿ 1980ರಲ್ಲಿ ಸುಪ್ರೀಂ ಕೋರ್ಟ್ ರತ್ಲಾಮ್ ಪುರಸಭೆಯ ಪ್ರಕರಣದಲ್ಲಿ, ಹಣವಿಲ್ಲ ಎಂಬ ನೆಪ ನಡೆಯದು ಎಂದಿತು. ಬೆಟ್ಟದ ಊರುಗಳಿಗೆ ರಸ್ತೆ ಬದುಕುವ ಹಕ್ಕಿನ ಭಾಗ ಎಂದು 1986ರ ಹಿಮಾಚಲದ ಉಮೇದ್ ರಾಮ್ ಶರ್ಮಾ ಪ್ರಕರಣದಲ್ಲಿ ಹೇಳಿದ್ದೂ ಅದೇ ಕೋರ್ಟ್. ಅರ್ಜಿಯಲ್ಲಿ ಇವೆರಡನ್ನು ಉಲ್ಲೇಖಿಸಿದರೆ ಕಡತಕ್ಕೆ ತೂಕ ಬರುತ್ತದೆ.

ಕೆಲಸ ಮಂಜೂರಾದ ಮೇಲೆ ಜಲ್ಲಿ ಇಳಿಸುವ ದಿನ ಲೆಕ್ಕ ಇಟ್ಟುಕೊಳ್ಳಿ. 100 ಮೀಟರ್ ಉದ್ದ, 3.75 ಮೀಟರ್ ಅಗಲಕ್ಕೆ ಏಳೂವರೆ ಸೆಂಟಿಮೀಟರ್ ಗಟ್ಟಿ ಜಲ್ಲಿ ಪದರ ಬೇಕಾದರೆ ಸಡಿಲ ಜಲ್ಲಿ 34ರಿಂದ 40 ಘನಮೀಟರ್, ಅಂದರೆ ನೂರು ಘನ ಅಡಿಯ ಯೂನಿಟ್ ಲೆಕ್ಕದಲ್ಲಿ 12ರಿಂದ 14 ಯೂನಿಟ್ ಬರಬೇಕು. ಅಳತೆ ಪುಸ್ತಕದಲ್ಲಿ 14 ಬರೆದು ಬಂದದ್ದು 8 ಆಗಿದ್ದರೆ, ಟಿಪ್ಪರ್ ಸಂಖ್ಯೆ ಮತ್ತು ದಿನಾಂಕದೊಂದಿಗೆ ಲಿಖಿತ ಆಕ್ಷೇಪಣೆಯನ್ನು ಬಿಲ್ ಪಾಸಾಗುವ ಮುಂಚೆಯೇ ಕಾರ್ಯನಿರ್ವಾಹಕ ಎಂಜಿನಿಯರಿಗೆ ತಲುಪಿಸಿ. ಮೇಲೆ ಡಾಂಬರು ಬಿದ್ದ ನಂತರ ಅದನ್ನು ಸಾಬೀತು ಮಾಡಲು ರಸ್ತೆ ಅಗೆಸಬೇಕಾಗುತ್ತದೆ.